ಗೂಗಲ್ ಕ್ಯಾಲೆಂಡರ್ ಮತ್ತು ಸಿಆರ್‌ಎಂ: ಸಿಂಕ್ ಆನ್ ಮಾಡಿದರೂ ಮೀಟಿಂಗ್ ಯಾಕೆ ಕಾಣಲ್ಲ?

ಸಿಆರ್‌ಎಂಗೆ, ಅಂದರೆ ಗ್ರಾಹಕರ ವಿವರ, ಮಾತುಕತೆಗಳನ್ನೆಲ್ಲ ಒಂದೇ ಕಡೆ ಇಡುವ ಸಾಫ್ಟ್‌ವೇರ್‌ಗೆ, ಕ್ಯಾಲೆಂಡರ್ ಜೋಡಿಸುವುದು ನಾಲ್ಕೈದು ಕ್ಲಿಕ್‌ಗಳ ಕೆಲಸ. ಆದರೆ ಜೋಡಿಸಿ ತಿಂಗಳಾದ ಮೇಲೂ ಕ್ಲೈಂಟ್ ಪುಟ ತೆರೆದರೆ ಒಂದು ಮೀಟಿಂಗೂ ಇರುವುದಿಲ್ಲ, ಮ್ಯಾನೇಜರ್ ಕೇಳಿದರೆ "ಸಿಂಕ್ ಸರಿ ಇಲ್ಲ ಸರ್" ಅಂತ ಉತ್ತರ. ಸಾಮಾನ್ಯವಾಗಿ ಸಿಂಕ್ ಸರಿಯಾಗೇ ಇರುತ್ತದೆ. ನಾವು ಕ್ಯಾಲೆಂಡರ್‌ನಲ್ಲಿ ಬರೆಯುವ ರೀತಿ ಅದಕ್ಕೆ ಅರ್ಥವಾಗುತ್ತಿಲ್ಲ, ಅಷ್ಟೇ.

ಯಾಕೆ ಅಂದರೆ, ಈ ಮೀಟಿಂಗ್ ಯಾವ ಕ್ಲೈಂಟ್‌ಗೆ ಸೇರಿದ್ದು ಅಂತ ಸಿಆರ್‌ಎಂ ಕಂಡುಹಿಡಿಯುವುದು ಇಮೇಲ್ ವಿಳಾಸದಿಂದ. ಕ್ಯಾಲೆಂಡರ್ ಈವೆಂಟ್‌ನ ಗೆಸ್ಟ್ ಪಟ್ಟಿಯಲ್ಲಿರುವ ಇಮೇಲ್, ಸಿಆರ್‌ಎಂನಲ್ಲಿರುವ ಕಾಂಟ್ಯಾಕ್ಟ್‌ನ ಇಮೇಲ್, ಎರಡೂ ಒಂದೇ ಆಗಿದ್ದರೆ ಆ ಪುಟಕ್ಕೆ ಮೀಟಿಂಗ್ ಹೋಗಿ ಕೂರುತ್ತದೆ. ನೀವು "ರಾಜಾಜಿನಗರ ಪಾರ್ಟಿ, 4 ಗಂಟೆ" ಅಂತ ಬರೆದು ಗೆಸ್ಟ್ ಜಾಗ ಖಾಲಿ ಬಿಟ್ಟರೆ ಅದು ಯಾವ ಪಾರ್ಟಿ ಅಂತ ನಿಮಗೆ ಗೊತ್ತು, ಸಿಆರ್‌ಎಂಗೆ ಹೇಗೆ ಗೊತ್ತಾಗಬೇಕು? ನಮ್ಮ ಕಡೆ ಮೀಟಿಂಗ್ ನಿಕ್ಕಿಯಾಗುವುದೇ ಫೋನಿನಲ್ಲಿ, ವಾಟ್ಸಾಪ್‌ನಲ್ಲಿ. ಎಷ್ಟೋ ಗ್ರಾಹಕರ ಇಮೇಲ್ ನಮ್ಮ ಹತ್ತಿರ ಇರುವುದೇ ಇಲ್ಲ. ಇನ್ನು ಕೆಲವರು ಬಿಲ್ಲಿಗೆ ಕಂಪನಿ ಮೇಲ್ ಕೊಡುತ್ತಾರೆ, ಮೀಟಿಂಗ್‌ಗೆ ಸ್ವಂತ ಜಿಮೇಲ್‌ನಿಂದ ಬರುತ್ತಾರೆ. ಆಗಲೂ ಎರಡು ವಿಳಾಸ ಹೊಂದುವುದಿಲ್ಲ. ಕಾಂಟ್ಯಾಕ್ಟ್‌ನಲ್ಲಿ ಎರಡನೇ ಇಮೇಲ್ ಸೇರಿಸುವ ಅವಕಾಶ ಇದ್ದರೆ ಅದನ್ನೂ ತುಂಬಿಸಿ.

ಹಾಗಾಗಿ ಸೆಟ್ಟಿಂಗ್ಸ್ ಮುಟ್ಟುವ ಮೊದಲು ಟೀಮಿನಲ್ಲಿ ಒಂದು ಮಾತಿಗೆ ಬನ್ನಿ. ಇಮೇಲ್ ಇರುವ ಕ್ಲೈಂಟ್ ಜೊತೆಗಿನ ಮೀಟಿಂಗ್ ಕ್ಯಾಲೆಂಡರ್, ಸಿಆರ್‌ಎಂ ಎಲ್ಲಿ ಬೇಕಾದರೂ ಹಾಕಿ, ಆದರೆ ಅವರನ್ನು ಗೆಸ್ಟ್ ಆಗಿ ಸೇರಿಸಲೇಬೇಕು. ಇಮೇಲ್ ಇಲ್ಲದವರದ್ದನ್ನು ಕ್ಯಾಲೆಂಡರ್‌ನಲ್ಲಿ ಶುರು ಮಾಡಲೇಬೇಡಿ. ಸಿಆರ್‌ಎಂನಲ್ಲಿ ಅವರ ಪುಟ ತೆರೆದು ಅಲ್ಲಿಂದಲೇ ಮೀಟಿಂಗ್ ಅಥವಾ ಟಾಸ್ಕ್ ಹಾಕಿ, ಅದು ಕ್ಯಾಲೆಂಡರ್‌ಗೆ ಹೋಗಲಿ. ಅವರ ಪುಟದಿಂದಲೇ ಹುಟ್ಟಿದ ಎಂಟ್ರಿಗೆ ಇಮೇಲ್ ಹೊಂದಿಸಿ ನೋಡುವ ಕೆಲಸವೇ ಇಲ್ಲ. ಇಷ್ಟು ಪಾಲಿಸಿದರೆ ಮುಂದಿನ ತಲೆನೋವಿನಲ್ಲಿ ಅರ್ಧ ಹೋಗುತ್ತದೆ, ಸುಮ್ನೆ ಹೇಳುತ್ತಿಲ್ಲ.

ಇನ್ನು ದಿಕ್ಕಿನ ವಿಷಯ. ಸಿಂಕ್ ಒಮ್ಮುಖ ಇರಬಹುದು, ಎರಡೂ ಕಡೆಯಿಂದ ಇರಬಹುದು. ಎಲ್ಲರೂ ಕೇಳುವುದು ಎರಡನೆಯದು, ಯಾಕೆಂದರೆ ಕೇಳಲು ಚೆನ್ನಾಗಿದೆ. ನನ್ನ ಪ್ರಕಾರ ಚಿಕ್ಕ ಟೀಮು ಮೊದಲು ಒಮ್ಮುಖದಿಂದ ಶುರು ಮಾಡುವುದು ಒಳ್ಳೆಯದು. ಓಡಾಡಿಕೊಂಡು ಕೆಲಸ ಮಾಡುವ ಸೇಲ್ಸ್‌ನವರಾದರೆ ಸಿಆರ್‌ಎಂನಿಂದ ಕ್ಯಾಲೆಂಡರ್‌ಗೆ, ದಿನವಿಡೀ ವಿಡಿಯೋ ಕಾಲ್‌ನಲ್ಲಿ ಡೆಮೊ ಕೊಡುವವರಾದರೆ ಕ್ಯಾಲೆಂಡರ್‌ನಿಂದ ಸಿಆರ್‌ಎಂಗೆ. ಎರಡು ವಾರ ನೋಡಿ, ಆಮೇಲೆ ಇನ್ನೊಂದು ಕಡೆಯದನ್ನೂ ಆನ್ ಮಾಡಿ.

ಈಗ ಜೋಡಿಸೋಣ. ಉದಾಹರಣೆಗೆ ಹಬ್‌ಸ್ಪಾಟ್ ಎಂಬ ಸಿಆರ್‌ಎಂ ತೆಗೆದುಕೊಳ್ಳುತ್ತೇನೆ, ಉಚಿತ ಖಾತೆಯಲ್ಲೇ ಪ್ರಯತ್ನಿಸಬಹುದು. ಮೇಲ್ಗಡೆಯ ಗೇರ್ ಗುರುತು ಒತ್ತಿ ಸೆಟ್ಟಿಂಗ್ಸ್‌ಗೆ ಹೋಗಿ, ಎಡಗಡೆ ಜನರಲ್, ಅದರೊಳಗೆ ಕ್ಯಾಲೆಂಡರ್ ಟ್ಯಾಬ್. ಕನೆಕ್ಟ್ ಒತ್ತಿದರೆ ಗೂಗಲ್, ಆಫೀಸ್ 365 ಅಂತ ಕೇಳುತ್ತದೆ. ಗೂಗಲ್ ಆರಿಸಿ. ಲಾಗಿನ್ ಪುಟ ಬಂದಾಗ ಸ್ವಲ್ಪ ನಿಧಾನಿಸಿ, ಬ್ರೌಸರ್‌ನಲ್ಲಿ ನಿಮ್ಮ ಸ್ವಂತ ಜಿಮೇಲ್ ಕೂಡ ತೆರೆದಿರುತ್ತದೆ, ಕೈ ಅಭ್ಯಾಸಕ್ಕೆ ಅದನ್ನೇ ಒತ್ತುವವರು ಬಹಳ ಜನ. ಆಫೀಸ್ ಖಾತೆಯನ್ನೇ ಆರಿಸಿ, ಕೇಳಿದ ಅನುಮತಿಗಳನ್ನು ಓದಿ ಒಪ್ಪಿಗೆ ಕೊಡಿ. ನಂತರ ಸಿಂಕ್ ದಿಕ್ಕಿನ ಸ್ವಿಚ್‌ಗಳು ಕಾಣುತ್ತವೆ.

ಇದನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಲಾಗಿನ್‌ನಲ್ಲೇ ಮಾಡಬೇಕು. ಒಬ್ಬರು ಕೂತು ಎಲ್ಲರಿಗೂ ಮಾಡಿಬಿಡುತ್ತೇನೆ ಅಂದರೆ ಆಗುವುದಿಲ್ಲ. ಹಳೆಯ ಮೀಟಿಂಗ್‌ಗಳೆಲ್ಲ ತಾನಾಗಿ ಬಂದು ಬೀಳುತ್ತವೆ ಅಂತಲೂ ಕಾಯಬೇಡಿ. ಮುಖ್ಯವಾದ ನಾಲ್ಕಾರು ಇದ್ದರೆ ಕೈಯಲ್ಲೇ ಹಾಕಿಬಿಡಿ.

"ನಿಮ್ಮ ಅಡ್ಮಿನ್ ತಡೆದಿದ್ದಾರೆ" ಎಂಬ ಅರ್ಥದ ಸಂದೇಶ ಬಂದರೆ ಸಿಆರ್‌ಎಂ ಸಪೋರ್ಟ್‌ಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಅದು ಗೂಗಲ್ ವರ್ಕ್‌ಸ್ಪೇಸ್ (ಆಫೀಸ್ ಖಾತೆಗಳ ಗೂಗಲ್ ಸೇವೆ) ಕಡೆಯ ಬೀಗ. ನಿಮ್ಮ ಐಟಿಯವರು ಅಡ್ಮಿನ್ ಕನ್ಸೋಲ್‌ನ ಸೆಕ್ಯುರಿಟಿ ವಿಭಾಗದಲ್ಲಿ ಎಪಿಐ ಕಂಟ್ರೋಲ್ಸ್‌ಗೆ ಹೋಗಿ ಆ ಆ್ಯಪ್‌ಗೆ ಅನುಮತಿ ಕೊಡಬೇಕು.

ಝೋಹೊ ಸಿಆರ್‌ಎಂ ಬಳಸುವವರು ಸೆಟಪ್‌ನಲ್ಲಿ ಮಾರ್ಕೆಟ್‌ಪ್ಲೇಸ್ ಕೆಳಗೆ ಗೂಗಲ್ ಹುಡುಕಿ. ದಿಕ್ಕು ಆರಿಸುವ ಆಯ್ಕೆ ಅಲ್ಲೂ ಇದೆ. ಸೇಲ್ಸ್‌ಫೋರ್ಸ್‌ನಲ್ಲಿ ಈ ಕೆಲಸಕ್ಕೆ ಐನ್‌ಸ್ಟೈನ್ ಆ್ಯಕ್ಟಿವಿಟಿ ಕ್ಯಾಪ್ಚರ್ ಇದೆ. ಅಲ್ಲಿ ದಿಕ್ಕು, ಯಾರ್‍ಯಾರಿಗೆ ಅನ್ವಯ ಎಂಬುದನ್ನೆಲ್ಲ ಅಡ್ಮಿನ್ ಇಡುತ್ತಾರೆ. ಮೆನುಗಳ ಜಾಗ ಆಗಾಗ ಬದಲಾಗುತ್ತಿರುತ್ತದೆ, ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕಾಟದಲ್ಲಿ ಕ್ಯಾಲೆಂಡರ್ ಅಂತ ಟೈಪ್ ಮಾಡುವುದೇ ಬೇಗ.

ಒಂದು ಎಚ್ಚರಿಕೆ. ಕೆಲವರು ಗೂಗಲ್ ಕ್ಯಾಲೆಂಡರ್‌ನ "ಸೀಕ್ರೆಟ್ ಐಕ್ಯಾಲ್" ಲಿಂಕ್ ತೆಗೆದು ಇನ್ನೊಂದು ಕಡೆ ಅಂಟಿಸಿ ಸಿಂಕ್ ಆಯಿತು ಅನ್ನುತ್ತಾರೆ. ಅದು ಸಿಂಕ್ ಅಲ್ಲ, ಬರೀ ನೋಡುವ ಕಿಟಕಿ. ಅಲ್ಲಿ ಬದಲಾಯಿಸಿದ್ದು ಹಿಂದಕ್ಕೆ ಬರುವುದಿಲ್ಲ. ಬೇರೆ ಕಡೆಯ ಲಿಂಕನ್ನು ಗೂಗಲ್ ಕ್ಯಾಲೆಂಡರ್‌ಗೆ ಸೇರಿಸಿದರೆ ಬದಲಾವಣೆ ಕಾಣಲು 12 ಗಂಟೆವರೆಗೂ ಹಿಡಿಯಬಹುದು ಅಂತ ಗೂಗಲ್ಲೇ ಹೇಳುತ್ತದೆ. 3 ಗಂಟೆಯ ಡೆಮೊ 5ಕ್ಕೆ ಹೋಗಿದ್ದು ಮಾರನೇ ದಿನ ಗೊತ್ತಾದರೆ ಏನು ಉಪಯೋಗ? ಸಾಲದ್ದಕ್ಕೆ ಆ ಲಿಂಕ್ ಕೈಗೆ ಸಿಕ್ಕವರು ಯಾರೇ ಆಗಲಿ ನಿಮ್ಮ ಕ್ಯಾಲೆಂಡರ್ ಪೂರ್ತಿ ಓದಬಹುದು. ಈಗಾಗಲೇ ಎಲ್ಲಾದರೂ ಹಂಚಿದ್ದರೆ ಅದೇ ಸೆಟ್ಟಿಂಗ್ಸ್‌ನಲ್ಲಿ ರೀಸೆಟ್ ಒತ್ತಿ.

ಓದುವ ಮಾತು ಬಂತಲ್ಲ, ಸಿಂಕ್ ಆದ ಮೇಲೆ ನಿಮ್ಮ ಮೀಟಿಂಗ್‌ನ ಹೆಸರು, ಟಿಪ್ಪಣಿ, ಗೆಸ್ಟ್‌ಗಳು ಇಡೀ ಸೇಲ್ಸ್ ಟೀಮಿಗೆ ಕಾಣಬಹುದು. "ಡೆಂಟಿಸ್ಟ್", "ಇನ್ನೊಂದು ಕಂಪನಿ ಇಂಟರ್‌ವ್ಯೂ" ಇಂಥವು ಆಫೀಸ್ ಕ್ಯಾಲೆಂಡರ್‌ನಲ್ಲಿ ಇರಲೇಬಾರದು. ಗೂಗಲ್‌ನಲ್ಲಿ ಇನ್ನೊಂದು ಕ್ಯಾಲೆಂಡರ್ ಮಾಡಿಕೊಂಡು ಸ್ವಂತದ್ದನ್ನೆಲ್ಲ ಅಲ್ಲಿಗೆ ಸರಿಸಿ, ಸಿಂಕ್‌ಗೆ ಅದನ್ನು ಸೇರಿಸಬೇಡಿ. ಬರೀ ಪ್ರೈವೇಟ್ ಅಂತ ಗುರುತು ಹಾಕಿ ನಂಬಿಕೊಂಡು ಕೂರಬೇಡಿ, ಆ ಗುರುತನ್ನು ಒಂದೊಂದು ಸಿಆರ್‌ಎಂ ಒಂದೊಂದು ಥರ ನೋಡುತ್ತದೆ. ಕೆಲವು ಸಿಆರ್‌ಎಂಗಳಲ್ಲಿ ಹೊರಗಿಡುವ ವಿಳಾಸಗಳ ಪಟ್ಟಿ ಇರುತ್ತದೆ, ಅಲ್ಲಿ ನಿಮ್ಮ ಲಾಯರ್, ಆಡಿಟರ್ ವಿಳಾಸಗಳನ್ನು ಹಾಕಿ. ನಿಮ್ಮದೇ ಕಂಪನಿಯ ಡೊಮೇನನ್ನೂ ಹಾಕಬಹುದಾದರೆ ಇನ್ನೂ ಒಳ್ಳೆಯದು, ಇಲ್ಲದಿದ್ದರೆ ಸೋಮವಾರದ ಟೀಮ್ ಮೀಟಿಂಗ್ ಕೂಡ ಲೀಡ್ (ಮುಂದೆ ಗ್ರಾಹಕರಾಗಬಹುದಾದವರು) ಆಗಿ ನಿಂತುಬಿಡಬಹುದು.

ನಿಜವಾದ ಕ್ಲೈಂಟ್ ಮೇಲೆ ಟೆಸ್ಟ್ ಮಾಡಬೇಡಿ, ಗೆಸ್ಟ್ ಆಗಿ ಹಾಕಿದ ಕೂಡಲೇ ಅವರಿಗೆ ಇನ್ವೈಟ್ ಮೇಲ್ ಹೋಗಬಹುದು. ನಿಮ್ಮದೇ ಇನ್ನೊಂದು ಇಮೇಲ್ ಹಾಕಿ ಸಿಆರ್‌ಎಂನಲ್ಲಿ "ಟೆಸ್ಟ್" ಅಂತ ಕಾಂಟ್ಯಾಕ್ಟ್ ಮಾಡಿ. ಕ್ಯಾಲೆಂಡರ್‌ನಲ್ಲಿ ಒಂದು ಮೀಟಿಂಗ್ ಹಾಕಿ ಅಲ್ಲಿ ಬಂತಾ ನೋಡಿ, ಸಿಆರ್‌ಎಂನಿಂದ ಒಂದು ಹಾಕಿ ಇಲ್ಲಿ ಬಂತಾ ನೋಡಿ. ಇಲ್ಲಿಗೇ ಎಲ್ಲರೂ ನಿಲ್ಲಿಸುತ್ತಾರೆ. ನಿಜವಾದ ಪರೀಕ್ಷೆ ಮುಂದಿನದು: ಸಮಯ ಬದಲಾಯಿಸಿ ನೋಡಿ, ಅಳಿಸಿ ನೋಡಿ. ಕ್ಯಾಲೆಂಡರ್‌ನಲ್ಲಿ ಅಳಿಸಿದ್ದು ಸಿಆರ್‌ಎಂನಲ್ಲೂ ಹೋಗುತ್ತದಾ, ಅಥವಾ ನಡೆಯದ ಮೀಟಿಂಗ್ ಅಲ್ಲೇ ಉಳಿದು ತಿಂಗಳ ರಿಪೋರ್ಟ್‌ನಲ್ಲಿ ಲೆಕ್ಕಕ್ಕೆ ಬರುತ್ತದಾ? ಇದು ಮೊದಲೇ ಗೊತ್ತಿರಬೇಕು, ಅಲ್ವಾ?

ಪ್ರತಿ ವಾರ ಬರುವ ಮೀಟಿಂಗ್ ಒಂದನ್ನೂ ಹಾಕಿ, ಅದರಲ್ಲಿ ಒಂದೇ ಒಂದು ವಾರದ್ದನ್ನು ಬೇರೆ ದಿನಕ್ಕೆ ಸರಿಸಿ. ಹೆಚ್ಚು ಎಡವಟ್ಟಾಗುವುದು ಇಲ್ಲೇ. ಇಂಥ ಸರಣಿಯ ಎಲ್ಲ ಮೀಟಿಂಗ್‌ಗಳಿಗೂ ಕ್ಯಾಲೆಂಡರ್ ಒಳಗಡೆ ಒಂದೇ ಗುರುತು ಸಂಖ್ಯೆ ಹಂಚಿಕೊಂಡಿರುತ್ತದೆ. ಸರಿಯಾಗಿ ಬರೆಯದ ಸಿಂಕ್ ಒಂದನ್ನು ಸರಿಸಿದರೆ ಎಲ್ಲವನ್ನೂ ಸರಿಸುತ್ತದೆ, ಇಲ್ಲವೇ ಸರಿಸಿದ್ದನ್ನು ಹೊಸದು ಅಂದುಕೊಂಡು ಎರಡು ಮಾಡುತ್ತದೆ. ಮುಗಿಯುವ ದಿನವೇ ಇಲ್ಲದ ಸರಣಿ ಹಾಕಬೇಡಿ, ಮೂರು ತಿಂಗಳಿಗೆ ಕೊನೆ ಇಡಿ.

ಸಮಯ ವಲಯ ನೋಡೋಣ. ಕ್ಯಾಲೆಂಡರ್‌ನಲ್ಲೂ ಸಿಆರ್‌ಎಂನಲ್ಲೂ, ಬಳಕೆದಾರರ ಸೆಟ್ಟಿಂಗ್‌ನಲ್ಲೂ ಕಂಪನಿ ಸೆಟ್ಟಿಂಗ್‌ನಲ್ಲೂ ಏಷ್ಯಾ/ಕೋಲ್ಕತಾ ಅಂತಲೇ ಇರಬೇಕು. ಹಳೆಯ ಸಾಫ್ಟ್‌ವೇರ್‌ನಲ್ಲಿ ಏಷ್ಯಾ/ಕಲ್ಕತ್ತಾ ಅಂತ ಇದ್ದರೂ ಅದೇ. ಇಡೀ ದಿನದ ಈವೆಂಟ್ ಒಂದು ಸಿಆರ್‌ಎಂನಲ್ಲಿ ಬೆಳಿಗ್ಗೆ 5:30ಕ್ಕೆ ಶುರುವಾಗುವಂತೆ ಕಂಡರೆ ಗೊತ್ತಾಯಿತಲ್ಲ, ಯಾರೋ ಅದನ್ನು ಯುಟಿಸಿ (ಜಗತ್ತಿಗೆಲ್ಲ ಆಧಾರವಾದ ಸಮಯ) ಮಧ್ಯರಾತ್ರಿ ಅಂತ ಉಳಿಸಿದ್ದಾರೆ. ಭಾರತ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಅಂಥ ಸಿಂಕ್‌ನಲ್ಲಿ ಇಡೀ ದಿನದ ಈವೆಂಟ್ ಬಳಸದೆ 10ರಿಂದ 6 ಅಂತ ಹಾಕುವುದೇ ಸುಲಭ.

ಬೆಂಗಳೂರಿನಲ್ಲಿ ಕೂತು ಅಮೆರಿಕದ ಕ್ಲೈಂಟ್‌ಗಳನ್ನು ನೋಡಿಕೊಳ್ಳುವವರಿಗೆ ಇನ್ನೊಂದು ಕಾಟ. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. ನಮಗೆ ಆ ಗೋಜಿಲ್ಲ. ನ್ಯೂಯಾರ್ಕ್‌ನ ಬೆಳಿಗ್ಗೆ 9:30 ಚಳಿಗಾಲದಲ್ಲಿ ನಮ್ಮ ರಾತ್ರಿ 8, ಬೇಸಿಗೆಯಲ್ಲಿ ಸಂಜೆ 7. ವಾರದ ಕಾಲ್ ಹಾಕುವಾಗ ಆ ಈವೆಂಟ್‌ನ ಸಮಯ ವಲಯವನ್ನು ನ್ಯೂಯಾರ್ಕ್ ಅಂತ ಇಟ್ಟರೆ ಅವರ 9:30 ಹಾಗೇ ಉಳಿಯುತ್ತದೆ, ನಮ್ಮ ಸಮಯ ತಾನಾಗಿ ಬದಲಾಗುತ್ತದೆ. ಕ್ಲೈಂಟ್ ದುಡ್ಡು ಕೊಡುವವರು, ಗಡಿಯಾರ ಅವರದ್ದೇ ನಡೆಯಲಿ.

ಒಂದೇ ಮೀಟಿಂಗ್ ಎರಡೆರಡು ಸಲ ಕಾಣುತ್ತಿದ್ದರೆ ಮೊದಲು ನೋಡಬೇಕಾದ್ದು, ಸಿಆರ್‌ಎಂನ ಸ್ವಂತ ಸಿಂಕ್ ಜೊತೆಗೆ ಯಾರಾದರೂ ಆ್ಯಪ್‌ಗಳನ್ನು ಒಂದಕ್ಕೊಂದು ಜೋಡಿಸುವ ಜ್ಯಾಪಿಯರ್ ಅಥವಾ ಎನ್8ಎನ್‌ನಲ್ಲಿ ಇನ್ನೊಂದು ಹಾಕಿದ್ದಾರಾ ಅಂತ. ಎರಡರಲ್ಲಿ ಒಂದನ್ನು ಆರಿಸಿ. ಒಂದೇ ಮೀಟಿಂಗ್‌ನಲ್ಲಿ ನಿಮ್ಮ ಮೂವರು ಇದ್ದು ಮೂವರದ್ದೂ ಸಿಂಕ್ ಆನ್ ಇದ್ದರೆ ಕೆಲವು ಕಡೆ ಮೂರು ಎಂಟ್ರಿ ಆಗುತ್ತದೆ. ಆಗ ಕ್ಲೈಂಟ್ ಯಾರ ಹೆಸರಿನಲ್ಲಿದ್ದಾರೋ ಅವರೇ ಮೀಟಿಂಗ್ ಮಾಡಿ ಉಳಿದವರನ್ನು ಸೇರಿಸುವ ಪದ್ಧತಿ ಇಟ್ಟುಕೊಳ್ಳಿ, ಗೊಂದಲ ಕಡಿಮೆ.

ಜ್ಯಾಪಿಯರ್‌ನಲ್ಲೇ ಮಾಡುವವರು ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಹಾಕುವ ಮುಂಚೆ ಯೋಚಿಸಿ. ಕ್ಯಾಲೆಂಡರ್ ಸಿಆರ್‌ಎಂನಲ್ಲಿ ಹೊಸದು ಮಾಡುತ್ತದೆ, ಸಿಆರ್‌ಎಂ ಅದನ್ನು ಹೊಸದು ಅಂದುಕೊಂಡು ಮತ್ತೆ ಕ್ಯಾಲೆಂಡರ್‌ನಲ್ಲಿ ಮಾಡುತ್ತದೆ, ಹೀಗೆ ನಿಲ್ಲದೆ ಸುತ್ತುತ್ತದೆ. ಸಿಂಕ್ ಮಾಡಿದ ಎಂಟ್ರಿಯ ವಿವರಣೆಯಲ್ಲಿ "ಸಿಆರ್‌ಎಂನಿಂದ" ಅಂತ ಒಂದು ಗುರುತು ಸೇರಿಸಿ, ಆ ಗುರುತು ಇದ್ದರೆ ಮುಂದೆ ಹೋಗಬೇಡ ಅಂತ ಫಿಲ್ಟರ್ ಹಾಕಿ. ಕೋಡ್ ಬರೆಯುವವರಾದರೆ ವಿವರಣೆ ಬೇಡ, ಗೂಗಲ್ ಎಪಿಐನ ಎಕ್ಸ್‌ಟೆಂಡೆಡ್ ಪ್ರಾಪರ್ಟೀಸ್‌ನಲ್ಲಿ ಸಿಆರ್‌ಎಂ ಐಡಿ ಇಡಿ, ಕ್ಲೈಂಟ್ ಕಣ್ಣಿಗೂ ಬೀಳುವುದಿಲ್ಲ. ನೀವೇ ಕಟ್ಟಿದ ಸಿಂಕ್ ಸರಿಯಾಗಿ ಒಂದು ವಾರಕ್ಕೆ ಸಾಯುತ್ತಿದ್ದರೆ ಗೂಗಲ್ ಕ್ಲೌಡ್‌ನಲ್ಲಿ ನಿಮ್ಮ ಆ್ಯಪ್ ಇನ್ನೂ ಟೆಸ್ಟಿಂಗ್ ಸ್ಥಿತಿಯಲ್ಲಿದೆಯಾ ನೋಡಿ, ಆ ಸ್ಥಿತಿಯಲ್ಲಿ ರಿಫ್ರೆಶ್ ಟೋಕನ್ (ಮತ್ತೆ ಲಾಗಿನ್ ಕೇಳದೆ ಒಳಗೆ ಬಿಡುವ ಕೀಲಿ) 7 ದಿನಕ್ಕೇ ಮುಗಿಯುತ್ತದೆ.

ಯಾರಾದರೂ ಕೆಲಸ ಬಿಟ್ಟರೆ ಅಥವಾ ಸಿಆರ್‌ಎಂ ಬದಲಾಯಿಸಿದರೆ ಮೊದಲು ಸಿಂಕ್ ಆಫ್ ಮಾಡಿ, ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಆ ಆ್ಯಪ್‌ಗೆ ಕೊಟ್ಟ ಅನುಮತಿಯನ್ನೂ ತೆಗೆಯಿರಿ. ಅದಾದ ಮೇಲೆಯೇ ಹಳೆಯ ಎಂಟ್ರಿಗಳನ್ನು ಅಳಿಸಿ. ಅಳಿಸುವಾಗ ಗೆಸ್ಟ್‌ಗಳಿಗೆ ತಿಳಿಸಬೇಕಾ ಅಂತ ಗೂಗಲ್ ಕೇಳಿದರೆ ಬೇಡ ಅನ್ನಿ, ಇಲ್ಲದಿದ್ದರೆ ಮುಂದಿನ ತಿಂಗಳ ಮೀಟಿಂಗ್‌ಗಳೆಲ್ಲ ರದ್ದಾಯಿತು ಅಂತ ನಿಮ್ಮ ಕ್ಲೈಂಟ್‌ಗಳಿಗೆಲ್ಲ ಒಟ್ಟಿಗೆ ಮೇಲ್ ಹೋಗುತ್ತದೆ.