ಎಂಟು ಕಾಲಿನ ಪ್ರೋಗ್ರಾಮರ್, ನಲವತ್ತು ಕಾಲಿನ ಚಿಪ್

ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯಲ್ಲಿ ಎಟಿಟೈನಿ85 ಚಿಪ್‌ಗೆಂದು ಕೊಂಡ, ಎಂಟೇ ಕಾಲಿನ ಸಾಕೆಟ್ ಇರುವ ಪ್ರೋಗ್ರಾಮರ್ (ಚಿಪ್‌ಗೆ ಪ್ರೋಗ್ರಾಂ ಬರೆಯುವ ಸಾಧನ) ನಿಮ್ಮಲ್ಲಿದ್ದರೆ, ನಲವತ್ತು ಕಾಲಿನ ಎಟಿಮೆಗಾ32ಕ್ಕಾಗಿ ಇನ್ನೊಂದನ್ನು ಕೊಳ್ಳಬೇಕಾಗಿಲ್ಲ. ಗಾತ್ರದಲ್ಲಿ ಎಷ್ಟೇ ಅಂತರವಿದ್ದರೂ ಎರಡೂ ಚಿಪ್‌ಗಳಿಗೆ ಪ್ರೋಗ್ರಾಂ ತಲುಪುವುದು ಮೋಸಿ (ಚಿಪ್‌ಗೆ ಹೋಗುವ ದತ್ತಾಂಶ), ಮಿಸೋ (ಚಿಪ್‌ನಿಂದ ಬರುವ ದತ್ತಾಂಶ), ಎಸ್‌ಸಿಕೆ (ಗಡಿಯಾರದ ಮಿಡಿತ), ರೀಸೆಟ್, ವಿಸಿಸಿ (ವಿದ್ಯುತ್) ಮತ್ತು ಗ್ರೌಂಡ್ ಎಂಬ ಆರು ತಂತಿಗಳಿಂದಲೇ.

ಮೊದಲು ಸಾಕೆಟ್‌ನಲ್ಲಿರುವ ಚಿಪ್ಪನ್ನು ತೆಗೆದಿಟ್ಟು, ಎಟಿಮೆಗಾ32ನ್ನು ಬ್ರೆಡ್‌ಬೋರ್ಡಿನ (ಬೆಸುಗೆಯಿಲ್ಲದೆ ತಂತಿ ಜೋಡಿಸುವ ತೂತುಗಳ ಹಲಗೆ) ನಡುಗಾಲುವೆಯ ಮೇಲೆ ಕೂರಿಸಿರಿ. ಸಾಕೆಟ್‌ನ 1ನೇ ಕಾಲನ್ನು (ರೀಸೆಟ್) ದೊಡ್ಡ ಚಿಪ್ಪಿನ 9ಕ್ಕೆ, 5ನ್ನು (ಮೋಸಿ) 6ಕ್ಕೆ, 6ನ್ನು (ಮಿಸೋ) 7ಕ್ಕೆ, 7ನ್ನು (ಎಸ್‌ಸಿಕೆ) 8ಕ್ಕೆ, 8ನ್ನು (ವಿಸಿಸಿ) 10ಕ್ಕೆ, 4ನ್ನು (ಗ್ರೌಂಡ್) 11ಕ್ಕೆ ಜೋಡಿಸಬೇಕು. ಹಲವರು ಮರೆಯುವುದು ಇದರ ನಂತರದ ಜೋಡಣೆಯನ್ನು: 30ನೇ ಕಾಲಿಗೂ ವಿಸಿಸಿ, 31ಕ್ಕೂ ಗ್ರೌಂಡ್ ಕೊಟ್ಟು, 10 ಮತ್ತು 11ರ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ. ಸಾಕೆಟ್‌ಗೆ ದಪ್ಪ ಜಂಪರ್ ಪಿನ್ನುಗಳನ್ನು ಒತ್ತಿದರೆ ಅದರ ಹಿಡಿತವೇ ಸಡಿಲವಾಗುವುದರಿಂದ, ತೆಳುವಾದ ಒಂಟಿ ಎಳೆಯ ತಂತಿಯನ್ನು ಬಳಸುವುದು ಲೇಸು.

ಬರೆಯುವ ಮುನ್ನ ಎವಿಆರ್‌ಡ್ಯೂಡ್ ತಂತ್ರಾಂಶದಿಂದ ಚಿಪ್ಪಿನ ಸಹಿಯನ್ನು, ಅಂದರೆ ಅದರ ಮಾದರಿಯ ಗುರುತು ಸಂಖ್ಯೆಯನ್ನು, ಓದಿಸಿರಿ. ಎಟಿಮೆಗಾ32 ಆದರೆ 1ಇ 95 02 ಎಂದು ಬರಬೇಕು. ಬರೀ ಸೊನ್ನೆಗಳು ಬಂದರೆ ತಂತಿಗಳನ್ನು, ಮುಖ್ಯವಾಗಿ ಮಿಸೋ ಮತ್ತು ರೀಸೆಟ್‌ಗಳನ್ನು, ಮತ್ತೊಮ್ಮೆ ಎಣಿಸಿ ನೋಡಿ. ತಂತಿ ಸರಿಯಿದ್ದೂ ಸಹಿ ಬಾರದಿದ್ದರೆ ದೋಷ ವೇಗದ್ದಿರಬಹುದು. ಹೊಸ ಚಿಪ್ ತನ್ನೊಳಗಿನ 1 ಮೆಗಾಹರ್ಟ್ಸ್ ಗಡಿಯಾರದಲ್ಲಿ ನಡೆಯುತ್ತದೆ. ಎಸ್‌ಸಿಕೆ ವೇಗ ಅದರ ಕಾಲು ಭಾಗಕ್ಕಿಂತ, ಅಂದರೆ 250 ಕಿಲೋಹರ್ಟ್ಸ್‌ಗಿಂತ, ಕಡಿಮೆಯಿರಲೇಬೇಕು. ಆಜ್ಞೆಯಲ್ಲಿ ‘-B 10’ (ದೊಡ್ಡಕ್ಷರದ B) ಸೇರಿಸಿದರೆ ವೇಗ ಸುಮಾರು 100 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಹಳೆಯ ಚಿಪ್ಪಿನ ಫ್ಯೂಸ್‌ಗಳನ್ನು (ಗಡಿಯಾರದ ಆಯ್ಕೆಯಂತಹ ಸೆಟ್ಟಿಂಗ್‌ಗಳನ್ನು) ಯಾರಾದರೂ ಹೊರಗಿನ ಕ್ರಿಸ್ಟಲ್‌ಗೆ ಬದಲಿಸಿದ್ದರೆ, 12 ಮತ್ತು 13ನೇ ಕಾಲುಗಳಿಗೆ ಕ್ರಿಸ್ಟಲ್ ಜೋಡಿಸುವವರೆಗೆ ಅದು ಉತ್ತರಿಸುವುದಿಲ್ಲ.

ಇದೇ ವಿಧಾನವನ್ನು ಎಟಿಮೆಗಾ128 ಚಿಪ್ಪಿಗೆ ಬಳಸುವಾಗ ಎಚ್ಚರ ಬೇಕು. ಅದು ಪ್ರೋಗ್ರಾಂ ಸ್ವೀಕರಿಸುವುದು ಮೋಸಿ, ಮಿಸೋ ಎಂದು ಹೆಸರಿರುವ ಕಾಲುಗಳಿಂದಲ್ಲ, ಪಿಇ0 ಮತ್ತು ಪಿಇ1 ಎಂಬ ಕಾಲುಗಳಿಂದ.

ಸಣ್ಣ ಪ್ರೋಗ್ರಾಮರ್‌ನ ನಿಜವಾದ ಮಿತಿ ಇರುವುದು ಕಾಲುಗಳ ಎಣಿಕೆಯಲ್ಲಲ್ಲ, ಚಿಪ್ಪಿನ ಮೆಮೊರಿಯ ವಿಳಾಸದಲ್ಲಿ. ಬರೆಯುವ ಆಜ್ಞೆಯಲ್ಲಿ ವಿಳಾಸಕ್ಕೆ 16 ಬಿಟ್‌ಗಳಷ್ಟೇ ಜಾಗವಿದ್ದು, ಎರಡೆರಡು ಬೈಟ್‌ಗಳ 65,536 ಪದಗಳನ್ನು, ಅಂದರೆ 128 ಕಿಲೋಬೈಟ್‌ಗಳನ್ನು ಮಾತ್ರ ಅದು ಮುಟ್ಟಬಲ್ಲದು. ಬೈಟ್‌ಗಳನ್ನೇ 16 ಬಿಟ್‌ಗಳಲ್ಲಿ ಎಣಿಸುವ ಸಣ್ಣ ಪ್ರೋಗ್ರಾಮರ್ 64 ಕಿಲೋಬೈಟ್‌ಗೇ ನಿಲ್ಲುತ್ತದೆ. 256 ಕಿಲೋಬೈಟ್‌ಗಳ ಎಟಿಮೆಗಾ2560ರ ಮೇಲರ್ಧವನ್ನು ತಲುಪಲು 4ಡಿ ಎಂಬ ಹೆಚ್ಚುವರಿ ವಿಳಾಸದ ಆಜ್ಞೆಯನ್ನು ಮೊದಲು ಕಳುಹಿಸಬೇಕಾಗುತ್ತದೆ. ಅದನ್ನರಿಯದ ಪ್ರೋಗ್ರಾಮರ್ ಸಹಿಯನ್ನು ಸರಿಯಾಗಿಯೇ ಓದುವುದರಿಂದ ಎಲ್ಲವೂ ಸರಿಯಿದೆ ಎನಿಸಬಹುದು. ಆದ್ದರಿಂದ ಬರೆದ ಮೇಲೆ ಚಿಪ್ಪನ್ನು ಮತ್ತೆ ಓದಿ ಹೋಲಿಸುವ ವೆರಿಫೈ ಹಂತವನ್ನು ಎಂದೂ ಬಿಡಬೇಡಿ.