ರೂಟರ್ ಉಸಿರುಗಟ್ಟದಂತೆ ಕಾಯುವುದು ಹೇಗೆ?

2003ರ ಜುಲೈ ತಿಂಗಳ ನಡುವಿನಲ್ಲಿ ಸಿಸ್ಕೊ ಕಂಪನಿಯು, ಒಂದು ಜಾಲದಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವ ತನ್ನ ರೂಟರ್‌ಗಳ ತಂತ್ರಾಂಶದಲ್ಲಿದ್ದ ದೋಷವೊಂದನ್ನು ಬಹಿರಂಗಪಡಿಸಿತು. ಈ ರೂಟರ್‌ಗಳಲ್ಲಿ ಪ್ರತಿಯೊಂದು ಇಂಟರ್‌ಫೇಸಿಗೂ (ತಂತಿ ಸೇರುವ ದ್ವಾರಕ್ಕೂ) ಒಳಬರುವ ಪ್ಯಾಕೆಟ್‌ಗಳು, ಅಂದರೆ ಮಾಹಿತಿಯ ತುಣುಕುಗಳು, ಕಾದು ನಿಲ್ಲುವ ಒಂದು ಸರತಿ ಸಾಲು ಇರುತ್ತದೆ. ಯಾರೂ ಬದಲಿಸದಿದ್ದರೆ ಅದರಲ್ಲಿ 75 ಪ್ಯಾಕೆಟ್‌ಗಳಿಗೆ ಜಾಗ. 53, 55, 77 ಅಥವಾ 103 ಎಂಬ ಪ್ರೋಟೊಕಾಲ್ ಸಂಖ್ಯೆ, ಅಂದರೆ ಸಂವಹನದ ಬಗೆಯನ್ನು ಸೂಚಿಸುವ ಸಂಖ್ಯೆ, ಹೊತ್ತ ಕೆಲವು ವಿಶೇಷ ಪ್ಯಾಕೆಟ್‌ಗಳು ರೂಟರ್‌ಗೆ ತಲುಪಿದರೆ, ಅದು ಅವುಗಳನ್ನು ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತಿತ್ತೇ ಹೊರತು ಕೆಲಸ ಮುಗಿಸಿ ಹೊರಗೆ ಕಳುಹಿಸುತ್ತಿರಲಿಲ್ಲ. ಸಾಲು ತುಂಬಿದ ರೂಟರ್‌ನಲ್ಲಿ ಇಂಟರ್‌ಫೇಸಿನ ಸ್ಥಿತಿಯನ್ನು ಕೇಳಿದರೆ ಪರದೆಯ ಮೇಲೆ 76/75 ಎಂಬ ವಿಚಿತ್ರ ಅಂಕಿ ಕಾಣುತ್ತಿತ್ತು. ರೂಟರ್ ತಾನಾಗಿ ಮರುಚಾಲನೆಗೊಳ್ಳುತ್ತಿರಲಿಲ್ಲ, ಯಾವ ಎಚ್ಚರಿಕೆಯನ್ನೂ ಕೊಡುತ್ತಿರಲಿಲ್ಲ. ಆದರೆ ಆ ಇಂಟರ್‌ಫೇಸಿಗೆ ಮಾತ್ರ ಕಿವಿ ಕೇಳಿಸದಂತಾಗುತ್ತಿತ್ತು. ಯಾರಾದರೂ ಹೋಗಿ ಅದನ್ನು ಮರುಚಾಲನೆ ಮಾಡುವ ತನಕ ಅದೇ ಸ್ಥಿತಿ.

ಇಪ್ಪತ್ತು ವರ್ಷಕ್ಕೂ ಹಳೆಯದಾದ ಈ ಪ್ರಕರಣವನ್ನು ಇಲ್ಲಿ ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಸೇವೆಯನ್ನು ಸ್ಥಗಿತಗೊಳಿಸುವ ದಾಳಿ, ಅಂದರೆ ಡಿನಯಲ್ ಆಫ್ ಸರ್ವಿಸ್, ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಲಕ್ಷಾಂತರ ಕಂಪ್ಯೂಟರ್‌ಗಳಿಂದ ನುಗ್ಗುವ ಪ್ರವಾಹ. ಆದರೆ ದೋಷವಿರುವ ರೂಟರ್ ಅನ್ನು ಮಲಗಿಸಲು ಪ್ರವಾಹ ಬೇಕಾಗಿಲ್ಲ, ಹಾಳು ಪ್ಯಾಕೆಟ್‌ಗಳು ಒಂದು ಬೊಗಸೆಯಷ್ಟಿದ್ದರೂ ಸಾಕು. ಪ್ರವಾಹವನ್ನು ತಡೆಯುವುದು ಸಣ್ಣ ಕಚೇರಿಯವರ, ಕಾಲೇಜಿನವರ ಅಥವಾ ಊರಿನ ಕೇಬಲ್ ಇಂಟರ್ನೆಟ್ ನಡೆಸುವವರ ಕೈಯಲ್ಲಿ ಇರುವುದಿಲ್ಲ; ಈ ಎರಡನೆಯ ಬಗೆಯನ್ನು ತಡೆಯುವುದು ಬಹುಮಟ್ಟಿಗೆ ಅವರ ಕೈಯಲ್ಲೇ ಇದೆ.

ಹೇಗೆ ಎಂಬುದನ್ನು ತಿಳಿಯಲು ಒಂದು ವ್ಯತ್ಯಾಸ ಸ್ಪಷ್ಟವಾಗಬೇಕು. ಯಾವುದಾದರೂ ದೊಡ್ಡ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕರು ಕೂರುವ ಕಿಟಕಿಯನ್ನು ನೆನಪಿಸಿಕೊಳ್ಳಿ. ದಿನಕ್ಕೆ ಸಾವಿರಾರು ಪ್ರಯಾಣಿಕರು ಅವರನ್ನು ಮಾತನಾಡಿಸದೆಯೇ ಬಸ್ಸು ಹತ್ತಿ ಹೋಗುತ್ತಾರೆ. ಆದರೆ ಇನ್ನೂರು ಜನ ಒಟ್ಟಿಗೆ ಆ ಕಿಟಕಿಗೆ ಮುತ್ತಿ ಅರ್ಥವಿಲ್ಲದ ಪ್ರಶ್ನೆ ಕೇಳತೊಡಗಿದರೆ, ರಸ್ತೆ ಖಾಲಿಯಿದ್ದರೂ ಬಸ್ಸುಗಳು ಹೊರಡುವುದಿಲ್ಲ. ರೂಟರ್‌ನಲ್ಲೂ ಹೀಗೆಯೇ: ಅದರ ಮೂಲಕ ಹಾದುಹೋಗುವ ಪ್ಯಾಕೆಟ್‌ಗಳು ಬೇರೆ, ಅದರೊಡನೆಯೇ ಮಾತನಾಡಲು ಬರುವ ಪ್ಯಾಕೆಟ್‌ಗಳು ಬೇರೆ. ದೊಡ್ಡ ರೂಟರ್‌ಗಳಲ್ಲಿ ಮೊದಲನೆಯದನ್ನು ವಿಶೇಷ ಚಿಪ್‌ಗಳು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಸಾಗಿಸಿಬಿಡುತ್ತವೆ; ಎರಡನೆಯದು ಒಂದು ಸಾಧಾರಣ ಪ್ರೊಸೆಸರ್‌ನ ಪಾಲಿಗೆ ಬರುತ್ತದೆ. ಕಾಯಬೇಕಾದದ್ದು ಆ ಕಿಟಕಿಯನ್ನು.

ಮೊದಲ ಕೆಲಸಕ್ಕೆ ಬೇಕಾದದ್ದು ಕಾಗದ ಮತ್ತು ಪೆನ್ನು. ನಿಮ್ಮಲ್ಲಿರುವ ಪ್ರತಿಯೊಂದು ರೂಟರ್‌ನ ಮಾದರಿ, ಅದರಲ್ಲಿ ಈಗ ಓಡುತ್ತಿರುವ ಫರ್ಮ್‌ವೇರ್‌ನ (ಉಪಕರಣದೊಳಗಿನ ತಂತ್ರಾಂಶದ) ಆವೃತ್ತಿ, ತಯಾರಕರು ಅದಕ್ಕೆ ಇನ್ನೂ ತಿದ್ದುಪಡಿಗಳನ್ನು ಕೊಡುತ್ತಿದ್ದಾರೆಯೇ ಎಂಬ ಮೂರು ಸಂಗತಿಗಳನ್ನು ಬರೆದಿಡಿ. ತಿದ್ದುಪಡಿ ನಿಂತುಹೋದ ಉಪಕರಣವನ್ನು ಹೊರಗಿನ ಇಂಟರ್ನೆಟ್‌ಗೆ ಮುಖ ಮಾಡಿ ನಿಲ್ಲಿಸಬಾರದು. ಅದನ್ನು ಒಳಗಿನ ಯಾವುದೋ ಮೂಲೆಯ ಕೆಲಸಕ್ಕೆ ಹಾಕಬಹುದು, ಅಥವಾ ಗುಜರಿಗೆ ಕೊಡಬಹುದು. ಹೊಸ ಫರ್ಮ್‌ವೇರ್ ಹಾಕುವ ಮುನ್ನ ಸಂರಚನೆಯ ಪ್ರತಿಯನ್ನು ಬೇರೆ ಕಂಪ್ಯೂಟರ್‌ಗೆ ತೆಗೆದಿಟ್ಟುಕೊಳ್ಳಿ, ರೂಟರ್‌ಗೆ ನೇರವಾಗಿ ಜೋಡಿಸುವ ಕನ್ಸೋಲ್ ಕೇಬಲ್ ಕೈಗೆ ಸಿಗುವಂತಿರಲಿ, ಕೆಲಸವನ್ನು ಜನ ಕಡಿಮೆಯಿರುವ ಹೊತ್ತಿನಲ್ಲಿ ಮಾಡಿ.

ಫರ್ಮ್‌ವೇರ್ ಹೊಸದಾದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ ಎಂಬುದಕ್ಕೆ ಮೈಕ್ರೊಟಿಕ್ ರೂಟರ್‌ಗಳ ಕಥೆಯೇ ಸಾಕ್ಷಿ. ಅವುಗಳನ್ನು ನಿರ್ವಹಿಸಲು ಬಳಸುವ ವಿನ್‌ಬಾಕ್ಸ್ ಸೇವೆಯಲ್ಲಿದ್ದ ದೋಷಕ್ಕೆ 2018ರ ಏಪ್ರಿಲ್‌ನಲ್ಲೇ ತಿದ್ದುಪಡಿ ಬಂದಿತ್ತು. ಆದರೂ 2021ರಲ್ಲಿ ಮೆರಿಸ್ ಎಂಬ ಹೆಸರಿನ ದಾಳಿಜಾಲ ರಷ್ಯಾದ ಯಾಂಡೆಕ್ಸ್ ಕಂಪನಿಯ ಮೇಲೆ ಸೆಕೆಂಡಿಗೆ 2 ಕೋಟಿಗೂ ಮಿಕ್ಕಿದ ಕೋರಿಕೆಗಳನ್ನು ಸುರಿದಾಗ, ಅದರಲ್ಲಿದ್ದವು 2018ರಲ್ಲಿ ಕಳ್ಳರ ವಶವಾಗಿದ್ದ ರೂಟರ್‌ಗಳೇ ಎಂದು ತಯಾರಕರು ಹೇಳಿದರು. ಕದ್ದ ಪಾಸ್‌ವರ್ಡ್ ತಿದ್ದುಪಡಿಯ ನಂತರವೂ ಕೆಲಸ ಮಾಡುತ್ತದೆ. ಆದ್ದರಿಂದ ಹಳೆಯ ದೋಷವಿದ್ದ ಉಪಕರಣವನ್ನು ನವೀಕರಿಸಿದ ಮೇಲೆ ಪಾಸ್‌ವರ್ಡ್ ಬದಲಿಸಿ, ನಿಮಗೆ ಗೊತ್ತಿಲ್ಲದ ಬಳಕೆದಾರರು ಅಥವಾ ವೇಳಾಪಟ್ಟಿಯಂತೆ ಓಡುವ ಸ್ಕ್ರಿಪ್ಟ್‌ಗಳು ಅದರಲ್ಲಿವೆಯೇ ಎಂದು ಹುಡುಕಿ ನೋಡಬೇಕು.

ಎರಡನೆಯದು ಬಾಗಿಲುಗಳನ್ನು, ಅಂದರೆ ಒಂದೊಂದು ಸೇವೆಯೂ ಕಿವಿಗೊಟ್ಟು ಕೂತಿರುವ ಪೋರ್ಟ್ ಎಂಬ ಸಂಖ್ಯೆಗಳನ್ನು, ಮುಚ್ಚುವ ಕೆಲಸ. ಈ ಲೇಖನದಲ್ಲಿ ಒಂದನ್ನಷ್ಟೇ ಮಾಡಲು ನಿಮಗೆ ಸಮಯವಿದ್ದರೆ ಇದನ್ನೇ ಮಾಡಿ. ದೂರದಿಂದ ಆಜ್ಞೆ ಕೊಡಲು ಬಳಸುವ ಟೆಲ್ನೆಟ್‌ನ 23, ವೆಬ್ ನಿರ್ವಹಣೆಯ 80, ಉಸ್ತುವಾರಿಗೆ ಬಳಸುವ ಎಸ್‌ಎನ್‌ಎಂಪಿಯ 161, ವಿನ್‌ಬಾಕ್ಸ್‌ನ 8291, ಸಿಸ್ಕೊ ಸ್ವಿಚ್‌ಗಳ ಸ್ಮಾರ್ಟ್ ಇನ್‌ಸ್ಟಾಲ್ ಸೇವೆಯ 4786 ಇವೆಲ್ಲ ಹೊರಗಿನ ಪ್ರಪಂಚಕ್ಕೆ ಕಾಣಬೇಕಾದ ಪೋರ್ಟ್‌ಗಳಲ್ಲ. ಬಳಸದ ಸೇವೆಯನ್ನು ನಿಲ್ಲಿಸಿಬಿಡಿ. ಬಳಸುವುದನ್ನು ಆಡಳಿತಕ್ಕೆಂದೇ ಮೀಸಲಿಟ್ಟ ಒಳ ವಿಳಾಸಗಳಿಗೆ ಮಾತ್ರ ತೆರೆದಿಡಿ. ಮನೆಯಿಂದಲೂ ನಿರ್ವಹಿಸಬೇಕಿದ್ದರೆ ವಿಪಿಎನ್ (ಗೂಢಲಿಪಿಯ ಖಾಸಗಿ ಸಂಪರ್ಕ) ಮೂಲಕ ಒಳಗೆ ಬನ್ನಿ.

ಅತ್ಯಂತ ಮೋಸಗಾರ ಪೋರ್ಟ್ ಎಂದರೆ, ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸೇವೆಯ 53 (ಮೊದಲು ಹೇಳಿದ ಪ್ರೋಟೊಕಾಲ್ ಸಂಖ್ಯೆ 53 ಬೇರೆ). ನಾನು ನೋಡಿಕೊಳ್ಳುತ್ತಿದ್ದ ಒಂದು ಸಣ್ಣ ಕಚೇರಿಯಲ್ಲಿ ಸಂಜೆಯಾದರೆ ಸಾಕು, ಇಂಟರ್ನೆಟ್ ತೆವಳತೊಡಗುತ್ತಿತ್ತು. ಸಂಪರ್ಕ ಒದಗಿಸುವವರೊಡನೆ ಎರಡು ವಾರ ಜಗಳವಾಡಿದೆವು. ಅವರು ಎರಡು ಬಾರಿ ಬಂದು ಫೈಬರ್ ಪರೀಕ್ಷಿಸಿ ಹೋದರು. ಕೊನೆಗೆ ರೂಟರ್‌ನ ಸಿಪಿಯು ಬಳಕೆ ನೋಡಿದರೆ ನೂರಕ್ಕೆ ನೂರು. ಒಳಗಿನ ಕಂಪ್ಯೂಟರ್‌ಗಳಿಗೆ ಅನುಕೂಲವಾಗಲೆಂದು ರೂಟರ್ ಅನ್ನೇ ಡಿಎನ್‌ಎಸ್ ಸರ್ವರ್ ಆಗಿ ಮಾಡಲು ಒಂದು ಚೌಕಕ್ಕೆ ಟಿಕ್ ಹಾಕಿದ್ದವನು ನಾನೇ. ಹೊರಗಿನ ಕಡೆಯಿಂದ ಬರುವ 53ನ್ನು ತಡೆಯಲು ಮರೆತವನೂ ನಾನೇ. ಎಲ್ಲೆಲ್ಲಿಂದಲೋ ಬರುತ್ತಿದ್ದ ಪ್ರಶ್ನೆಗಳಿಗೆಲ್ಲ ಅದು ವಿಧೇಯವಾಗಿ ಉತ್ತರಿಸುತ್ತ, ಸುಳ್ಳು ವಿಳಾಸ ಹಾಕಿ ಪ್ರಶ್ನೆ ಕಳುಹಿಸಿದವರ ಪರವಾಗಿ ಬೇರೆ ಯಾರ ಮೇಲೋ ದಾಳಿ ಮಾಡುತ್ತಿತ್ತು. ಎರಡು ಸಾಲಿನ ನಿಯಮ, ಒಂದು ಯುಡಿಪಿಗೆ ಮತ್ತೊಂದು ಟಿಸಿಪಿಗೆ (ಇವು ಮಾಹಿತಿ ಸಾಗಿಸುವ ಎರಡು ವಿಧಾನಗಳು), ಹಾಕಿದ ಅರ್ಧ ನಿಮಿಷದಲ್ಲಿ ಸಿಪಿಯು ಬಳಕೆ ನೂರಕ್ಕೆ ಏಳಕ್ಕೆ ಇಳಿಯಿತು. ಜಗಳವಾಡಿದವರ ಕ್ಷಮೆಯನ್ನೂ ಕೇಳಬೇಕಾಯಿತು.

ಹೀಗೆ ಒಂದೊಂದೇ ಪೋರ್ಟ್ ಹುಡುಕಿ ಮುಚ್ಚುವುದಕ್ಕಿಂತ, ಬೇಕಾದದ್ದನ್ನು ಮಾತ್ರ ಒಳಬಿಟ್ಟು ಉಳಿದದ್ದನ್ನೆಲ್ಲ ಬೀಳಿಸುವ, ಅಂದರೆ ತಿರಸ್ಕರಿಸುವ, ಕ್ರಮವೇ ಉತ್ತಮ. ರೂಟರ್‌ಗೇ ಬರುವ ಪ್ಯಾಕೆಟ್‌ಗಳ ನಿಯಮಪಟ್ಟಿಯಲ್ಲಿ, ಮೊದಲು ಈಗಾಗಲೇ ಸ್ಥಾಪಿತವಾದ ಸಂಪರ್ಕಗಳಿಗೆ ಅನುಮತಿ ಕೊಡಿ. ಅನಂತರ ಅಸಿಂಧು ಪ್ಯಾಕೆಟ್‌ಗಳನ್ನು ಬೀಳಿಸಿ. ಪಿಂಗ್ ಮತ್ತು ದೋಷದ ಸೂಚನೆಗಳನ್ನು ಒಯ್ಯುವ ಐಸಿಎಂಪಿಗೆ ಮಿತಿಯೊಂದನ್ನು ಹಾಕಿ ಒಳಬಿಡಿ. ನೆರೆಯ ರೂಟರ್‌ಗಳ ವಿಳಾಸದಿಂದ ಬರುವ ರೂಟಿಂಗ್ ಪ್ರೋಟೊಕಾಲ್‌ಗಳನ್ನು (ದಾರಿಗಳ ಮಾಹಿತಿ ಹಂಚುವ ಸಂದೇಶಗಳನ್ನು) ಒಳಬಿಡಿ. ಆಡಳಿತದ ವಿಳಾಸಗಳನ್ನು ಒಳಬಿಡಿ. ಕೊನೆಯ ಸಾಲಿನಲ್ಲಿ ಉಳಿದದ್ದೆಲ್ಲಕ್ಕೂ ನಿಷೇಧ. 2003ರ ದೋಷ ಗೊತ್ತಾಗುವ ಮೊದಲೇ ಇಂಥ ಪಟ್ಟಿ ಹಾಕಿಕೊಂಡಿದ್ದವರ ರೂಟರ್‌ಗಳಲ್ಲಿ, ತಿಳಿಯದ ಪ್ರೋಟೊಕಾಲ್ ಸಂಖ್ಯೆಯ ಪ್ಯಾಕೆಟ್‌ಗಳಿಗೆ ಕಿಟಕಿಯ ತನಕ ಬರಲು ದಾರಿಯೇ ಇರುತ್ತಿರಲಿಲ್ಲ. ಇನ್ನೂ ಪತ್ತೆಯಾಗದ ದೋಷದಿಂದಲೂ ಒಂದಿಷ್ಟು ರಕ್ಷಣೆ ಕೊಡುವ ಉಪಾಯ ಇದು.

ಐಸಿಎಂಪಿಯನ್ನು ಪೂರ್ತಿ ಮುಚ್ಚಿಬಿಡುವುದು ಸುರಕ್ಷಿತ ಎಂದು ಹಲವರು ನಂಬಿದ್ದಾರೆ. ಹಾಗೆ ಮಾಡಿದರೆ ದಾರಿಯಲ್ಲಿ ಎಷ್ಟು ದೊಡ್ಡ ಪ್ಯಾಕೆಟ್ ಹೋಗಬಲ್ಲದು ಎಂಬುದನ್ನು ತಿಳಿಯುವ ವ್ಯವಸ್ಥೆ ಮುರಿದು, ಕೆಲವು ಜಾಲತಾಣಗಳು ಅರ್ಧ ತೆರೆದು ನಿಂತುಬಿಡುತ್ತವೆ; ಇಂಟರ್ನೆಟ್ ವಿಳಾಸಗಳ ಹೊಸ ಕ್ರಮವಾದ ಐಪಿವಿ6ರಲ್ಲಂತೂ ಅದಿಲ್ಲದೆ ನೆರೆಯ ಯಂತ್ರವನ್ನು ಗುರುತಿಸುವುದೇ ಸಾಧ್ಯವಿಲ್ಲ. ಅಂದ ಹಾಗೆ ಐಪಿವಿ6ಕ್ಕೆ ಬಹುತೇಕ ರೂಟರ್‌ಗಳಲ್ಲಿ ಪ್ರತ್ಯೇಕ ನಿಯಮಪಟ್ಟಿ ಇರುತ್ತದೆ. ಹಳೆಯ ಕ್ರಮವಾದ ಐಪಿವಿ4ರ ಬಾಗಿಲಿಗೆ ಬೀಗ ಜಡಿದು ಪಕ್ಕದ ಬಾಗಿಲನ್ನು ಹಾರು ಹೊಡೆದಿಟ್ಟಿರುವ ಜಾಲಗಳು ಕಡಿಮೆಯೇನಲ್ಲ.

ನಿಯಮಗಳನ್ನು ದೂರದಿಂದ ಬರೆಯುವಾಗ ಒಂದು ಅಪಾಯವಿದೆ: ಕೊನೆಯ ನಿಷೇಧದ ಸಾಲನ್ನು ಮೊದಲು ಬರೆದರೆ ನೀವೇ ಹೊರಗುಳಿಯುತ್ತೀರಿ. ಮೈಕ್ರೊಟಿಕ್‌ನಲ್ಲಿ ಕಂಟ್ರೋಲ್ ಮತ್ತು ಎಕ್ಸ್ ಕೀಗಳನ್ನು ಒಟ್ಟಿಗೆ ಒತ್ತಿ ಸೇಫ್ ಮೋಡ್‌ಗೆ ಹೋದರೆ, ಸಂಪರ್ಕ ಕಡಿದಾಗ ಬದಲಾವಣೆಗಳು ತಾವಾಗಿ ಹಿಂದಕ್ಕೆ ಹೋಗುತ್ತವೆ. ಸಿಸ್ಕೊದಲ್ಲಿ ಸಂರಚನೆಯನ್ನು ಉಳಿಸದೆ, ಹತ್ತು ನಿಮಿಷದ ನಂತರ ಮರುಚಾಲನೆಯಾಗುವಂತೆ ಮೊದಲೇ ಆಜ್ಞೆ ಕೊಟ್ಟು ಕೆಲಸ ಆರಂಭಿಸುವುದು ವಾಡಿಕೆ. ಎಲ್ಲವೂ ಸರಿಯಿದ್ದರೆ ಆ ಆಜ್ಞೆಯನ್ನು ರದ್ದು ಮಾಡಲು ಮರೆಯಬಾರದು.

ಮೂರನೆಯ ಹಂತದಲ್ಲಿ, ಒಳಬಿಟ್ಟವುಗಳಿಗೂ ಪಡಿತರ ಹಾಕಬೇಕು. ದೊಡ್ಡ ರೂಟರ್‌ಗಳಲ್ಲಿ ಕಂಟ್ರೋಲ್ ಪ್ಲೇನ್ ಪೊಲೀಸಿಂಗ್ ಎಂದು ಕರೆಯುವ ಈ ವ್ಯವಸ್ಥೆಯಲ್ಲಿ ಪ್ರೊಸೆಸರ್‌ಗೆ ಹೋಗುವ ಪ್ರತಿಯೊಂದು ಬಗೆಯ ಸಂಚಾರಕ್ಕೂ ಸೆಕೆಂಡಿಗೆ ಇಷ್ಟು ಎಂಬ ಮಿತಿ ಇರುತ್ತದೆ. ಎಲ್ಲಕ್ಕೂ ಒಂದೇ ಮಿತಿ ಹಾಕುವುದು ಮಾತ್ರ ತಪ್ಪು. ಒಎಸ್‌ಪಿಎಫ್ ಎಂಬ ರೂಟಿಂಗ್ ಪ್ರೋಟೊಕಾಲ್ ಬಳಸುವ ರೂಟರ್‌ಗಳು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಪರಸ್ಪರ ನಮಸ್ಕಾರ ಹೇಳಿಕೊಳ್ಳುತ್ತವೆ. 40 ಸೆಕೆಂಡು ನಮಸ್ಕಾರ ಕೇಳಿಸದಿದ್ದರೆ ನೆರೆಯವನು ಸತ್ತನೆಂದು ತೀರ್ಮಾನಿಸಿ ದಾರಿಗಳನ್ನು ಅಳಿಸಿಹಾಕುತ್ತವೆ. ಪಿಂಗ್‌ಗಳ ಗದ್ದಲದಲ್ಲಿ ಆ ನಮಸ್ಕಾರ ಕಳೆದುಹೋಗದಂತೆ ರೂಟಿಂಗ್ ಪ್ರೋಟೊಕಾಲ್‌ಗಳಿಗೆ ಬೇರೆಯೇ ಆದ, ಉದಾರವಾದ ಪಾಲು ಇಡಬೇಕು. ಮೊದಲ ಒಂದು ವಾರ ಯಾವುದನ್ನೂ ಬೀಳಿಸದೆ ಎಣಿಕೆ ಮಾತ್ರ ಮಾಡಿ, ಸಹಜ ದಿನದಲ್ಲಿ ಎಷ್ಟು ಬರುತ್ತದೆ ಎಂದು ನೋಡಿದ ಮೇಲೆ ಮಿತಿ ನಿರ್ಧರಿಸುವುದು ಜಾಣತನ.

ಬೇರೆ ಬೇರೆ ಸಂಸ್ಥೆಗಳ ಜಾಲಗಳ ನಡುವೆ ದಾರಿಗಳ ಮಾಹಿತಿ ಹಂಚುವ ಬಿಜಿಪಿ ನಡೆಸುವವರಿಗೆ ಇನ್ನೊಂದು ಸರಳ ಉಪಾಯವಿದೆ, ನನಗೆ ಬಹಳ ಮೆಚ್ಚುಗೆಯಾದದ್ದು. ಪ್ರತಿಯೊಂದು ಪ್ಯಾಕೆಟ್‌ನಲ್ಲೂ ಟಿಟಿಎಲ್ ಎಂಬ ಸಂಖ್ಯೆಯಿರುತ್ತದೆ. ಅದರ ಗರಿಷ್ಠ ಬೆಲೆ 255, ಒಂದೊಂದು ರೂಟರ್ ದಾಟಿದಾಗಲೂ ಒಂದು ಕಡಿಮೆಯಾಗುತ್ತದೆ. ನೇರವಾಗಿ ತಂತಿ ಹಂಚಿಕೊಂಡ ನೆರೆಯವರಿಬ್ಬರೂ 255 ಹಾಕಿಯೇ ಕಳುಹಿಸುವುದೆಂದು, 255 ಇಲ್ಲದ್ದನ್ನು ಬೀಳಿಸುವುದೆಂದು ಒಪ್ಪಿಕೊಂಡರೆ, ಬೇರೆ ಖಂಡದಲ್ಲಿ ಕುಳಿತವನು ವಿಳಾಸವನ್ನು ಎಷ್ಟೇ ಸುಳ್ಳಾಗಿ ಬರೆದರೂ ಆ ಸಂಖ್ಯೆಯನ್ನು ಉಳಿಸಿಕೊಂಡು ತಲುಪಲಾರ. ಇಂಟರ್ನೆಟ್‌ನ ತಾಂತ್ರಿಕ ದಾಖಲೆಗಳಲ್ಲೊಂದಾದ 2007ರ ಆರ್‌ಎಫ್‌ಸಿ 5082 ಇದನ್ನು ವಿವರಿಸುತ್ತದೆ.

ಇಷ್ಟಾದರೂ ಕಿಟಕಿಯ ಹೋಲಿಕೆಗೆ ಒಂದು ಅಪವಾದ ಹೇಳಲೇಬೇಕು. ಮೈಕ್ರೊಟಿಕ್ ರೂಟರ್‌ಗಳಲ್ಲಿ ಐಪಿವಿ6 ಪ್ಯಾಕೆಟ್‌ಗಳನ್ನು ಬರಿದೇ ಸಾಗಿಸುವಾಗಲೇ ಮೆಮೊರಿ ತುಂಬಿ ರೂಟರ್ ಕುಸಿಯಬಹುದಾದ ದೋಷವಿತ್ತು. ಅದಕ್ಕೆ 2019ರ ಏಪ್ರಿಲ್‌ನಲ್ಲಿ ತಿದ್ದುಪಡಿ ಬಂದಿತು. ಹಾದುಹೋಗುವ ಪ್ರಯಾಣಿಕರಿಂದಲೇ ನಿಲ್ದಾಣ ಮುರಿಯುವ ಇಂಥ ಪ್ರಸಂಗಕ್ಕೆ ನಿಯಮಪಟ್ಟಿ ಪರಿಹಾರವಲ್ಲ. ಮೊದಲ ಹಂತವನ್ನು ಮೊದಲು ಇಟ್ಟಿರುವುದು ಇದಕ್ಕಾಗಿಯೇ.

ಮನೆಯ ರೂಟರ್‌ಗಳ ವಿಷಯ ಚಿಕ್ಕದಾದರೂ ಉಪೇಕ್ಷಿಸುವಂಥದ್ದಲ್ಲ. 2016ರ ನವೆಂಬರ್ 27ರಂದು ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ರೂಟರ್‌ಗಳು ಕೈಕೊಟ್ಟವು. ದೂರದಿಂದ ನಿರ್ವಹಿಸಲು ಇಟ್ಟಿದ್ದ 7547ನೇ ಪೋರ್ಟ್‌ನ ಮೂಲಕ ರೂಟರ್‌ಗಳನ್ನು ವಶಪಡಿಸಿಕೊಳ್ಳಲು ಹೊರಟವರ ಪ್ರಯತ್ನ ಅಲ್ಲಿ ಫಲಿಸಲಿಲ್ಲ. ಆದರೆ ಬಾಗಿಲು ಬಡಿದ ರಭಸಕ್ಕೇ ರೂಟರ್‌ಗಳು ಕುಸಿದವು. 2017ರ ಜುಲೈ ಕೊನೆಯಲ್ಲಿ ಕರ್ನಾಟಕವೂ ಸೇರಿದಂತೆ ದೇಶದ ಹಲವೆಡೆ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಕುತಂತ್ರಾಂಶಕ್ಕೆ ಸಿಕ್ಕಿ ಕೆಲಸ ನಿಲ್ಲಿಸಿದವು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳು ಅದಕ್ಕೆ ಸುಲಭದ ತುತ್ತಾದವು. ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ: ಪಾಸ್‌ವರ್ಡ್ ಬದಲಿಸಿ, ರಿಮೋಟ್ ನಿರ್ವಹಣೆಯನ್ನೂ ಒಳಗಿನ ಉಪಕರಣಗಳು ಕೇಳಿದಾಗ ತಾನಾಗಿ ಪೋರ್ಟ್ ತೆರೆಯುವ ಯುಪಿಎನ್‌ಪಿಯನ್ನೂ ನಿಲ್ಲಿಸಿ, ಫರ್ಮ್‌ವೇರ್ ನವೀಕರಿಸಿ.

ಕೆಲಸ ಮುಗಿದ ಮೇಲೆ ಹೊರಗಿನಿಂದ ನೋಡಬೇಕು. ಲ್ಯಾಪ್‌ಟಾಪನ್ನು ಮೊಬೈಲ್ ಡೇಟಾಗೆ ಜೋಡಿಸಿ, ನಿಮ್ಮದೇ ಸಾರ್ವಜನಿಕ ಐಪಿ ವಿಳಾಸವನ್ನು ಎನ್‌ಮ್ಯಾಪ್‌ನಂಥ ಸಾಧನದಿಂದ ಪರೀಕ್ಷಿಸಿ, ಯಾವ ಪೋರ್ಟ್‌ಗಳು ತೆರೆದಿವೆ ಎಂದು ಪಟ್ಟಿ ಮಾಡಿ. ಯುಡಿಪಿಯನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ನನ್ನ 53 ಅಡಗಿದ್ದದ್ದು ಅಲ್ಲೇ. ಒಳಗಿನಿಂದ ಹೊರಗೆ ಸುಳ್ಳು ವಿಳಾಸದ ಪ್ಯಾಕೆಟ್‌ಗಳು ಹೋಗದಂತೆ ತಡೆಯುವ ನಿಯಮವನ್ನೂ ಇದೇ ಸಂದರ್ಭದಲ್ಲಿ ಹಾಕಿಬಿಡಿ. ಅದು ನಿಮ್ಮನ್ನಲ್ಲ, ಇತರರನ್ನು ಕಾಯುತ್ತದೆ. ಎಲ್ಲರೂ ಹಾಕಿದರೆ ನಿಮ್ಮನ್ನೂ ಕಾಯುತ್ತದೆ. 2000ದ ಮೇ ತಿಂಗಳಿನಿಂದಲೂ ಈ ಸಲಹೆ ಆರ್‌ಎಫ್‌ಸಿ 2827ರಲ್ಲಿ ಇದೆ.

ಸಿಪಿಯು, ಮೆಮೊರಿ, ಇಂಟರ್‌ಫೇಸಿನ ಸರತಿ ಸಾಲು ಈ ಮೂರನ್ನು ಐದು ನಿಮಿಷಕ್ಕೊಮ್ಮೆ ದಾಖಲಿಸುವ ವ್ಯವಸ್ಥೆಯಿರಲಿ, ಲಾಗ್‌ಗಳು ರೂಟರ್‌ನ ಹೊರಗಿನ ಯಂತ್ರವೊಂದರಲ್ಲಿ ಉಳಿಯಲಿ. ರೂಟರ್ ಮರುಚಾಲನೆಯಾದರೆ ಅದರೊಳಗಿನ ಸಾಕ್ಷ್ಯವೂ ಅಳಿಸಿಹೋಗುತ್ತದೆ. ಆದ್ದರಿಂದ ಸ್ವಿಚ್ ಆರಿಸುವ ಮೊದಲು ಪರದೆಯ ಫೋಟೊ ತೆಗೆದುಕೊಳ್ಳುವಷ್ಟಾದರೂ ತಾಳ್ಮೆ ಬೇಕು. ಕಂಪನಿಗಳಿಗೆ ಇದು ಕಾನೂನಿನ ಮಾತೂ ಹೌದು: 2022ರ ಏಪ್ರಿಲ್ 28ರಂದು ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ, ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಗಳೊಳಗೆ ಅದಕ್ಕೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು.

ಬಂದದ್ದು ನಿಜವಾದ ಪ್ರವಾಹವೇ ಆಗಿದ್ದು, ನಿಮ್ಮ 100 ಎಂಬಿಯ ತಂತಿಯೇ ತುಂಬಿಹೋಗಿದ್ದರೆ, ನಿಮ್ಮ ತುದಿಯಲ್ಲಿ ಎಂಥ ನಿಯಮ ಬರೆದರೂ ಪ್ರಯೋಜನವಿಲ್ಲ; ನೀರು ಬಾಗಿಲಿಗೆ ಬಂದ ಮೇಲೆ ಬೀಗ ಹಾಕಿದಂತೆ. ಆಗ ಸಂಪರ್ಕ ಒದಗಿಸುವವರು ಮೇಲಿನ ಹಂತದಲ್ಲೇ ಆ ಸಂಚಾರವನ್ನು ಬೀಳಿಸಬೇಕು. ದಾಳಿಗೆ ಗುರಿಯಾದ ಒಂದು ವಿಳಾಸವನ್ನು ಬಲಿಕೊಟ್ಟು ಉಳಿದ ಜಾಲವನ್ನು ಉಳಿಸಿಕೊಳ್ಳುವ ಬ್ಲ್ಯಾಕ್‌ಹೋಲ್ ಸೌಲಭ್ಯ ಅವರಲ್ಲಿದೆಯೇ, ಅದನ್ನು ಕೇಳುವ ಕ್ರಮವೇನು ಎಂಬುದನ್ನು ಇವತ್ತೇ ವಿಚಾರಿಸಿ. ಅವರ ನಿಯಂತ್ರಣ ಕೇಂದ್ರದ ದೂರವಾಣಿ ಸಂಖ್ಯೆ ಮತ್ತು ನಿಮ್ಮ ಸರ್ಕ್ಯೂಟ್ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ರ‍್ಯಾಕ್‌ನ ಬಾಗಿಲ ಒಳಬದಿಗೆ ಅಂಟಿಸಿ. ಅದೆಲ್ಲ ಇಮೇಲ್‌ನಲ್ಲಿದೆ ಎಂದು ಸುಮ್ಮನಿದ್ದವರು, ಬೇಕಾದ ಹೊತ್ತಿನಲ್ಲಿ ಆ ಇಮೇಲ್ ತೆರೆಯಲಾಗದೆ ಕುಳಿತದ್ದನ್ನು ನಾನು ನೋಡಿದ್ದೇನೆ.