ಎಕ್ಸ್-ರೇ ಕೋರ್ಸ್ ಸೇರುವ ಮುನ್ನ ಆಸ್ಪತ್ರೆಯ ಬೆಂಚು ನೋಡಿ: ನನ್ನ ಅನುಭವ

ಪಿಯುಸಿ ರಿಸಲ್ಟ್ ಬಂದರೆ ಸಾಕು, ಊರ ಕಡೆಯಿಂದ ಫೋನು ಶುರುವಾಗುತ್ತದೆ. 'ಮೆಡಿಕಲ್ ಸೀಟ್ ಆಗಲಿಲ್ಲರಿ, ನೀವು ಮಾಡಿದ್ರಲ್ಲ ಆ ಎಕ್ಸ್-ರೇ ಕೋರ್ಸ್, ಅದು ಹೆಂಗೈತ್ರಿ?' ಎಲ್ಲರಿಗೂ ನಾನು ಮರುಪ್ರಶ್ನೆ ಹಾಕುತ್ತೇನೆ: ಕಾಲೇಜಿನ ಆಸ್ಪತ್ರೆ ನೋಡಿ ಬಂದಿರೇನು? ಕಟ್ಟಡ ನೋಡಿರುತ್ತಾರೆ, ಹಾಸ್ಟೆಲ್ ನೋಡಿರುತ್ತಾರೆ, ಫೀಸು ಕಂತಿನಲ್ಲಿ ಕಟ್ಟಬಹುದೇ ಎಂದು ವಿಚಾರಿಸಿರುತ್ತಾರೆ. ಬೆಳಿಗ್ಗೆ ಹತ್ತಕ್ಕೆ ರೇಡಿಯಾಲಜಿ ವಿಭಾಗದ ಮುಂದಿನ ಬೆಂಚಿನ ಮೇಲೆ ಎಷ್ಟು ಮಂದಿ ಕಾಯುತ್ತಾ ಕುಳಿತಿರುತ್ತಾರೆ ಎಂದು ಎಣಿಸಿ ಬಂದವರು ನನಗಿನ್ನೂ ಸಿಕ್ಕಿಲ್ಲ. ಈ ಡಿಗ್ರಿ ಸಿಗುವುದು ಆ ಬೆಂಚಿನಿಂದ.

ನಾನು ಹಾವೇರಿ ಕಡೆಯವನು, ಓದಿದ್ದು ಹುಬ್ಬಳ್ಳಿಯಲ್ಲಿ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಕಾಲೇಜಿನಲ್ಲಿ. ಬಿ.ಎಸ್ಸಿ. ಇಮೇಜಿಂಗ್ ಟೆಕ್ನಾಲಜಿ: 3 ವರ್ಷ ಓದು, 1 ವರ್ಷ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇದ್ದರೆ ಆಯಿತು, ನಾನು ಸೇರುವಾಗ ನೀಟ್ ಕೇಳುತ್ತಿರಲಿಲ್ಲ. ಡಿಪ್ಲೊಮಾ ಬೇಕೆಂದವರಿಗೆ ಪ್ಯಾರಾಮೆಡಿಕಲ್ ಬೋರ್ಡಿನ ಕೋರ್ಸ್ ಬೇರೆ ಇದೆ. ಅದನ್ನು ಕೀಳಾಗಿ ನೋಡಬೇಡಿ. ನನಗೆ ಕೈ ಹಿಡಿದು ಪೊಸಿಷನಿಂಗ್ (ಎಕ್ಸ್-ರೇಗೆ ಪೇಷೆಂಟನ್ನು ಸರಿಯಾಗಿ ನಿಲ್ಲಿಸುವುದು, ಮಲಗಿಸುವುದು) ಕಲಿಸಿದ ಸೀನಿಯರ್ ಡಿಪ್ಲೊಮಾದವರು.

ಮೊದಲ ವರ್ಷ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಪೆಥಾಲಜಿ, ಮೈಕ್ರೋಬಯಾಲಜಿ. ಲ್ಯಾಬ್ ಟೆಕ್ನಾಲಜಿಯವರು, ಡಯಾಲಿಸಿಸ್‌ನವರು, ನಾವು ಎಲ್ಲ ಒಂದೇ ಕ್ಲಾಸಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಈ ವರ್ಷ ಹೈರಾಣ. ನಾನು ಅನಾಟಮಿಯಲ್ಲಿ ಮೂಳೆಗಳನ್ನಷ್ಟೇ ಬಿಗಿಯಾಗಿ ಹಿಡಿದುಕೊಂಡೆ, ಉಳಿದದ್ದನ್ನು ಪಾಸಾಗುವಷ್ಟು ಓದಿದೆ. ಹಾಗೆ ಮಾಡಿದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಎರಡನೇ ವರ್ಷ ವಿಕಿರಣದ ಫಿಸಿಕ್ಸ್ ಬರುತ್ತದೆ, ಅಲ್ಲಿಂದ ಹುಡುಗರು ಎರಡು ಗುಂಪಾಗುತ್ತಾರೆ. ಬಾಯಿಪಾಠ ಮಾಡುವವರು ಒಂದು ಕಡೆ, ಬೆಳಿಗ್ಗೆ ಓದಿದ್ದನ್ನು ಮಧ್ಯಾಹ್ನ ಮಷೀನಿನಲ್ಲಿ ಹುಡುಕುವವರು ಇನ್ನೊಂದು ಕಡೆ. ಹೀಲ್ ಎಫೆಕ್ಟ್ ಎಂಬುದೊಂದಿದೆ. ಎಕ್ಸ್-ರೇ ಟ್ಯೂಬಿನಲ್ಲಿ ಒಂದು ತುದಿಯ ಕ್ಯಾಥೋಡ್ ಎಲೆಕ್ಟ್ರಾನುಗಳನ್ನು ಬಿಡುತ್ತದೆ, ಅವು ಇನ್ನೊಂದು ತುದಿಯ ಆನೋಡ್‌ಗೆ ಬಡಿದಾಗ ಕಿರಣ ಹುಟ್ಟುತ್ತದೆ. ಆ ಆನೋಡ್ ಓರೆಯಾಗಿರುತ್ತದೆ. ಅದರಲ್ಲಿ ಹುಟ್ಟಿದ ಕಿರಣಗಳಲ್ಲಿ ಒಂದಷ್ಟು ಅದರ ಅಂಚಿನಲ್ಲೇ ಹೀರಿಹೋಗಿ, ಆನೋಡ್ ಕಡೆಗೆ ತೀವ್ರತೆ ಕಡಿಮೆ, ಕ್ಯಾಥೋಡ್ ಕಡೆಗೆ ಹೆಚ್ಚು ಆಗುತ್ತದೆ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ. ಆದರೆ ಎದೆಭಾಗದ ಬೆನ್ನುಮೂಳೆಯ ಎಕ್ಸ್-ರೇ ತೆಗೆಯುವಾಗ ಇದೇ ಕೆಲಸಕ್ಕೆ ಬರುತ್ತದೆ: ತೆಳುವಾದ ಮೇಲ್ಭಾಗ ಆನೋಡ್ ಕಡೆಗೆ, ದಪ್ಪವಾದ ಕೆಳಭಾಗ ಕ್ಯಾಥೋಡ್ ಕಡೆಗೆ ಬರುವಂತೆ ಮಲಗಿಸಿದರೆ ಒಂದೇ ಎಕ್ಸ್‌ಪೋಷರ್‌ನಲ್ಲಿ (ಒಂದು ಸಲ ಕಿರಣ ಬಿಟ್ಟಾಗ) ಮೇಲಿನಿಂದ ಕೆಳಗಿನವರೆಗೆ ಚಿತ್ರ ಸಮನಾಗಿ ಬರುತ್ತದೆ. ನಮ್ಮ ಮೇಷ್ಟ್ರು ಇದನ್ನು ಬೋರ್ಡಿನ ಮೇಲೆ ಬರೆಯಲಿಲ್ಲ, ಮಧ್ಯಾಹ್ನ ಆಸ್ಪತ್ರೆಯ ಪೋಸ್ಟಿಂಗಿನಲ್ಲಿ ಪೇಷೆಂಟನ್ನು ತಿರುಗಿಸಿ ಮಲಗಿಸಿ ತೋರಿಸಿದರು. ಪೇಷೆಂಟೇ ಇಲ್ಲದ ಕಾಲೇಜಿನಲ್ಲಿ ಇದು ಐದು ಅಂಕವಾಗಿಯೇ ಉಳಿಯುತ್ತದೆ.

ಪೋಸ್ಟಿಂಗಿನಲ್ಲಿ ಮೊದಲು ಕೈಗೆ ಬರುವುದು ಚೆಸ್ಟ್. ಸುಲಭ ಅನ್ನಿಸುತ್ತದೆ, ಸುಲಭವಲ್ಲ. ಹೊಲದಿಂದ ನೇರ ಬಂದಂತಿದ್ದ ಒಬ್ಬ ಅಜ್ಜನನ್ನು ಸ್ಟ್ಯಾಂಡಿನ ಮುಂದೆ ನಿಲ್ಲಿಸಿದ್ದು ಚೆನ್ನಾಗಿ ನೆನಪಿದೆ. 'ಅಜ್ಜಾ, ಫೋಟೋ ತಗೀತೀವಿ, ಗದ್ದ ಇದರ ಮ್ಯಾಲೆ ಇಡು.' ಟ್ಯೂಬು 180 ಸೆಂಟಿಮೀಟರ್ ದೂರದಲ್ಲಿ, ಬೆನ್ನಿನ ಕಡೆಯಿಂದ. ಅಷ್ಟು ದೂರ ಏಕೆಂದರೆ ಹೃದಯ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣಬಾರದು. ಕೈಗಳನ್ನು ಸೊಂಟದ ಮೇಲಿಟ್ಟು ಮೊಣಕೈ ಮುಂದಕ್ಕೆ ತಳ್ಳಿಸಬೇಕು, ಆಗ ಹೆಗಲಿನ ಮೂಳೆ ಶ್ವಾಸಕೋಶದ ಮೇಲಿಂದ ಸರಿಯುತ್ತದೆ. ಅಜ್ಜನ ಹೆಗಲು ಬಿಗಿದುಕೊಂಡಿತ್ತು, ಮೊಣಕೈ ಮುಂದಕ್ಕೆ ಬರಲೊಲ್ಲದು. ಸೀನಿಯರ್ ಬಂದು ಹೇಳಿದ್ದು ಇಷ್ಟೇ: 'ಅಜ್ಜಾ, ಆ ಸ್ಟ್ಯಾಂಡನ್ನ ತಬ್ಬಿಕೊಂಡು ನಿಲ್ಲು.' ಹೆಗಲು ತಾನಾಗಿ ಮುಂದೆ ಬಂತು. ಬಳಿಕ ಉಸಿರು. 'ಎಳಕೋ' ಅಂದರೆ ಹೊಟ್ಟೆ ಉಬ್ಬಿಸುತ್ತಾರೆ, 'ಹಿಡಕೋ' ಅಂದರೆ ಬಿಟ್ಟುಬಿಡುತ್ತಾರೆ. ಅದಕ್ಕೇ ಎಕ್ಸ್‌ಪೋಷರ್‌ಗೆ ಮೊದಲು ಒಂದು ಸಲ ಸುಮ್ಮನೆ ಎಳೆಸಿ, ಹಿಡಿಸಿ, ಬಿಡಿಸಿ ನೋಡುವುದು. ಫೋಟೋ ಬಂದ ಮೇಲೆ ಹಿಂಭಾಗದ ಪಕ್ಕೆಲುಬು ಎಣಿಸಿ: ವಪೆಯ (ಎದೆ-ಹೊಟ್ಟೆಯ ನಡುವಿನ ಸ್ನಾಯುಪರದೆ) ಮೇಲೆ ಒಂಬತ್ತು-ಹತ್ತು ಕಂಡರೆ ಉಸಿರು ಪೂರ್ತಿ ಎಳೆದಿದ್ದಾರೆ. ಎರಡೂ ಕಡೆಯ ಕೊರಳೆಲುಬಿನ ಒಳತುದಿ ಬೆನ್ನುಮೂಳೆಯಿಂದ ಸಮದೂರದಲ್ಲಿದ್ದರೆ ಮೈ ತಿರುಗಿಲ್ಲ. ಈ ಎರಡನ್ನು ನೋಡದೆ ಪೇಷೆಂಟನ್ನು ಹೊರಗೆ ಕಳಿಸಬಾರದು.

ಇನ್ನೊಂದು, ಸೀಸದ ಮಾರ್ಕರ್. ಎಡವೋ ಬಲವೋ ಎಂಬ ಅಕ್ಷರವನ್ನು ಎಕ್ಸ್‌ಪೋಷರ್‌ಗೆ ಮೊದಲೇ ಇಡಬೇಕು, ಆಮೇಲೆ ಕಂಪ್ಯೂಟರಿನಲ್ಲಿ ಅಂಟಿಸುವುದು ಕೆಟ್ಟ ಚಟ. ಹೃದಯ ಬಲಗಡೆ ಇರುವವರೂ ಇದ್ದಾರೆ. ಅಂಥವರ ಫಿಲ್ಮಿನಲ್ಲಿ ಮಾರ್ಕರ್ ಇಲ್ಲದಿದ್ದರೆ 'ಉಲ್ಟಾ ಬಂದಿದೆ' ಎಂದು ತಿರುಗಿಸಿಬಿಡುತ್ತಾರೆ, ಅಲ್ಲಿಗೆ ಮುಗಿಯಿತು.

ನಮ್ಮ ವಿಭಾಗದಲ್ಲಿ ಆಗಿನ್ನೂ ಒಂದು ಡಾರ್ಕ್‌ರೂಮ್ ಉಳಿದಿತ್ತು. ಕೆಂಪು ದೀಪ, ಡೆವಲಪರ್, ಫಿಕ್ಸರ್, ಮೂಗಿಗೆ ಹತ್ತಿದರೆ ಬಿಡದ ವಾಸನೆ. ಈಗ ಬಹುಪಾಲು ಕಡೆ ಡಿಜಿಟಲ್. ಆ ವಾಸನೆ ತಪ್ಪಿದ್ದು ಒಳ್ಳೆಯದೇ. ಆದರೆ ಡಾರ್ಕ್‌ರೂಮಿನಲ್ಲಿದ್ದ ಒಂದು ಶಿಸ್ತು ತಪ್ಪಿಹೋಯಿತು. ಫಿಲ್ಮಿನಲ್ಲಿ ಎಕ್ಸ್‌ಪೋಷರ್ ಹೆಚ್ಚಾದರೆ ಕಪ್ಪಾಗುತ್ತಿತ್ತು, ಕಡಿಮೆಯಾದರೆ ಬಿಳಚಿಕೊಳ್ಳುತ್ತಿತ್ತು, ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ಡಿಜಿಟಲ್‌ನಲ್ಲಿ ಕಡಿಮೆಯಾದರೆ ಮರಳು ಚೆಲ್ಲಿದಂತೆ ಕಾಣುತ್ತದೆ, ರೇಡಿಯಾಲಜಿಸ್ಟ್ ಬೈಯುತ್ತಾರೆ. ಹೆಚ್ಚಾದರೆ ಚಿತ್ರ ಇನ್ನೂ ಚೊಕ್ಕವಾಗಿ ಬರುತ್ತದೆ, ಯಾರೂ ಬೈಯುವುದಿಲ್ಲ. ಹಾಗಾಗಿ ಕೈ ಸದ್ದಿಲ್ಲದೆ ಮೇಲಕ್ಕೇ ಹೋಗುತ್ತದೆ, ಪೇಷೆಂಟಿಗೆ ಬೇಡದ ಡೋಸ್ ಬೀಳುತ್ತದೆ. ಇದಕ್ಕೆ ಪ್ರತಿ ಚಿತ್ರದ ಜೊತೆ ಬರುವ, ಎಷ್ಟು ಕಿರಣ ಬಿತ್ತು ಎಂದು ತೋರಿಸುವ ಸಂಖ್ಯೆಯಾದ ಎಕ್ಸ್‌ಪೋಷರ್ ಇಂಡೆಕ್ಸ್ ನೋಡುವ ಅಭ್ಯಾಸ ಬೇಕು. ನಾನು ಎರಡನೇ ವರ್ಷದಿಂದ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಪೇಷೆಂಟಿನ ಮೈಕಟ್ಟು, ಕೊಟ್ಟ ಕೆವಿ (ಕಿರಣದ ಬಲ), ಎಂಎಎಸ್ (ಕಿರಣದ ಪ್ರಮಾಣ), ಬಂದ ಇಂಡೆಕ್ಸ್ ಬರೆದಿಟ್ಟುಕೊಳ್ಳುತ್ತಿದ್ದೆ. ಹೆಸರು ಬರೆಯುತ್ತಿರಲಿಲ್ಲ, 'ತೆಳ್ಳಗಿನ ಅಜ್ಜಿ', 'ದಪ್ಪ ಹೊಟ್ಟೆ' ಅಷ್ಟೇ. ಯೂನಿವರ್ಸಿಟಿಯ ಲಾಗ್‌ಬುಕ್ ಸಹಿಗೆ, ಈ ನೋಟ್‌ಬುಕ್ ಕೆಲಸಕ್ಕೆ.

ವಿಕಿರಣದ ಭಯದ ಬಗ್ಗೆ ಮನೆಯವರು, ಅದರಲ್ಲೂ ಹೆಣ್ಣುಮಕ್ಕಳ ತಾಯಂದಿರು ಕೇಳುತ್ತಾರೆ. ಕೇಳುವುದು ಸರಿ. ನಮ್ಮ ದೇಶದಲ್ಲಿ ಇದರ ನಿಯಂತ್ರಣ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು, ನಾವು ಎಇಆರ್‌ಬಿ ಎನ್ನುತ್ತೇವೆ. ಕೆಲಸ ಮಾಡುವವರಿಗೆ ಮಿತಿ: ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ಬಿದ್ದ ವಿಕಿರಣದ ಅಳತೆ), ಯಾವ ಒಂದು ವರ್ಷದಲ್ಲೂ 30 ದಾಟಬಾರದು. ನಿಯಮ ಪಾಲಿಸುವ ಎಕ್ಸ್-ರೇ ಕೋಣೆಯಲ್ಲಿ ಇದರ ಹತ್ತಿರವೂ ಹೋಗುವುದಿಲ್ಲ. ಲೆಕ್ಕ ಇಡುವುದು ಎದೆಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಜ್. ಅದು ಲೆಡ್ ಏಪ್ರನ್ನಿನ ಒಳಗಿರಬೇಕು, ಮೂರು ತಿಂಗಳಿಗೊಮ್ಮೆ ಲೆಕ್ಕಕ್ಕೆ ಹೋಗಬೇಕು. ಕೋಟಿನ ಜೊತೆ ಎಕ್ಸ್-ರೇ ಕೋಣೆಯ ಮೊಳೆಗೆ ನೇತುಹಾಕಿ ಮನೆಗೆ ಹೋಗುವವರನ್ನು ನೋಡಿದ್ದೇನೆ. ಆಗ ಬ್ಯಾಜು ಅಳೆಯುವುದು ಗೋಡೆಯ ಡೋಸನ್ನು. ಪೋಸ್ಟಿಂಗ್ ಮಾಡುವ ವಿದ್ಯಾರ್ಥಿಗಳಿಗೆ ಬ್ಯಾಜ್ ಕೊಡದ ಕಾಲೇಜುಗಳೂ ಇವೆ, ಸೇರುವ ಮೊದಲೇ ಕೇಳಿ. ಮತ್ತೆ, ಅಳುವ ಮಗುವನ್ನು ಹಿಡಿದುಕೊಳ್ಳಲು ಟೆಕ್ನಿಷಿಯನ್ ನಿಲ್ಲಬಾರದು, ವಿದ್ಯಾರ್ಥಿಯಂತೂ ನಿಲ್ಲಲೇಬಾರದು. ಜೊತೆಗೆ ಬಂದವರಲ್ಲಿ ಗರ್ಭಿಣಿಯಲ್ಲದ ಒಬ್ಬರಿಗೆ ಏಪ್ರನ್ ತೊಡಿಸಿ ಹಿಡಿಸಬೇಕು. ಐಸಿಯುಗೆ ಪೋರ್ಟಬಲ್ ಒಯ್ದಾಗ 'ಎಕ್ಸ್-ರೇ!' ಎಂದು ಕೂಗಿ, ವೈರಿನ ಉದ್ದ ಪೂರ್ತಿ ಬಿಟ್ಟು ಹಿಂದೆ ಸರಿಯುತ್ತೇವೆ. ದೂರ ಎರಡು ಪಟ್ಟಾದರೆ ಡೋಸ್ ನಾಲ್ಕನೇ ಒಂದು ಭಾಗ. ದುಡ್ಡಿಲ್ಲದೆ ಸಿಗುವ ರಕ್ಷಣೆ.

ಸಿಟಿ ಸ್ಕ್ಯಾನಿನಲ್ಲಿ ಬಟನ್ ಒತ್ತುವುದು ಬೇಗ ಬರುತ್ತದೆ, ಬಟನ್‌ಗೆ ಮೊದಲಿನದು ನಿಧಾನ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ನರಕ್ಕೆ ಕೊಡುವ ಔಷಧಿ) ಕೊಡುವ ಮುನ್ನ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ರಿಪೋರ್ಟ್, ಅಲರ್ಜಿ, ಮೊಣಕೈ ಮಡಿಕೆಯಲ್ಲಿ ಗಟ್ಟಿಯಾಗಿ ಕೂತ ಕ್ಯಾನುಲಾ (ನರಕ್ಕೆ ಹಾಕುವ ಸಣ್ಣ ನಳಿಕೆ). ಮತ್ತೆ ಒಂದು ಮಾತು: 'ಮೈಯೆಲ್ಲಾ ಬಿಸಿ ಆದಂಗ ಆಕ್ಕತಿ, ಒಂದಕ್ಕ ಹೋದಂಗ ಅನಿಸ್ತತಿ, ಹೆದರಬ್ಯಾಡ್ರಿ, ಅಲುಗಾಡಬ್ಯಾಡ್ರಿ.' ಇದನ್ನು ಹೇಳದಿದ್ದರೆ ಪೇಷೆಂಟ್ ನಡುವೆ ಎದ್ದು ಕೂರುತ್ತಾರೆ, ಸ್ಕ್ಯಾನ್ ಹಾಳು. ಎಂಆರ್‌ಐ ಕೋಣೆಯ ಕಥೆಯೇ ಬೇರೆ. ಕರೆಂಟು ಹೋದರೂ ಆ ಅಯಸ್ಕಾಂತ ಆರುವುದಿಲ್ಲ. 2018ರಲ್ಲಿ ಮುಂಬೈನ ಒಂದು ಆಸ್ಪತ್ರೆಯಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಹೋದ ರೋಗಿಯ ಕಡೆಯವರೊಬ್ಬರು ಪ್ರಾಣ ಕಳೆದುಕೊಂಡರು. ನಮ್ಮ ಹೆಣ್ಣುಮಕ್ಕಳ ತಾಳಿಗೆ, ಬಳೆಗೆ ಸಿಕ್ಕಿಸಿದ ಪಿನ್ನು ಮೆಟಲ್ ಡಿಟೆಕ್ಟರ್‌ಗಿಂತ ಮೊದಲು ನನ್ನ ಕಣ್ಣಿಗೆ ಬೀಳುವಷ್ಟು ರೂಢಿಯಾಗಿದೆ. ಅಲ್ಟ್ರಾಸೌಂಡ್ ಕನಸು ಇಟ್ಟುಕೊಂಡು ಬರಬೇಡಿ. ಹೊರದೇಶಗಳಲ್ಲಿ ಟೆಕ್ನಿಷಿಯನ್ನರು ಮಾಡುತ್ತಾರೆ, ನಮ್ಮಲ್ಲಿ 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯ ಚೌಕಟ್ಟಿನಲ್ಲಿ ಅದು ಡಾಕ್ಟರ ಕೈಯಲ್ಲೇ ಇದೆ.

ಇಂಟರ್ನ್‌ಶಿಪ್ ವರ್ಷ ನಿಜವಾದ ಡಿಗ್ರಿ. ಸ್ಟೈಪೆಂಡ್ ಎಲ್ಲ ಕಡೆ ಇಲ್ಲ, ಇದ್ದರೂ ಬಸ್ ಪಾಸಿಗೆ ಸರಿಹೋಗುತ್ತದೆ, ಇದು ಅನ್ಯಾಯವೇ. ಆದರೂ ಕ್ಯಾಶುವಾಲ್ಟಿಯ ನೈಟ್ ಡ್ಯೂಟಿ ನಾನೇ ಕೇಳಿ ಹಾಕಿಸಿಕೊಂಡೆ. ಸೊಂಟದ ಮೂಳೆ ಮುರಿದವರನ್ನು ಪುಸ್ತಕದಲ್ಲಿದ್ದಂತೆ ಪಕ್ಕಕ್ಕೆ ತಿರುಗಿಸಲು ಆಗುವುದಿಲ್ಲ. ಮನುಷ್ಯನನ್ನು ಬಿಟ್ಟು ಟ್ಯೂಬನ್ನು ಅಡ್ಡ ತಿರುಗಿಸಿ, ಇನ್ನೊಂದು ಕಾಲೆತ್ತಿಸಿ, ಪಕ್ಕದಿಂದ ತೆಗೆಯಬೇಕು. ಇದನ್ನು ರಾತ್ರಿ ಎರಡು ಗಂಟೆಗೆ, ಕೂಗಾಡುವ ಸಂಬಂಧಿಕರ ನಡುವೆ ಕಲಿತವರಿಗೆ ಆಮೇಲೆ ಯಾವ ಇಂಟರ್‌ವ್ಯೂ ಕೂಡ ಕಷ್ಟವಲ್ಲ. ಅದೇ ಸಂಬಂಧಿಕರು ಕೇಳುತ್ತಾರೆ, 'ಏನೈತ್ರಿ ಸರ ಫೋಟೋದಾಗ?' ಮುರಿದದ್ದು ಕಣ್ಣಿಗೆ ಕಾಣುತ್ತಿದ್ದರೂ ನನ್ನ ಉತ್ತರ ಒಂದೇ, 'ಡಾಕ್ಟರ್ ನೋಡಿ ಹೇಳ್ತಾರ್ರಿ.' ರಿಪೋರ್ಟ್ ಕೊಡುವುದು ನಮ್ಮ ಕೆಲಸವಲ್ಲ. ಆದರೆ ಏನೋ ಅಪಾಯ ಕಂಡಾಗ ಓಡಿ ಹೋಗಿ ಡ್ಯೂಟಿ ಡಾಕ್ಟರಿಗೆ ತೋರಿಸುವುದು ನಮ್ಮ ಕೆಲಸವೇ.

ಮುಂದೆ ಓದುವವರಿಗೆ ಎಂ.ಎಸ್ಸಿ. ಇದೆ. ಕೆಲಸ ಮಾಡುತ್ತಲೇ ವಿಕಿರಣ ಸುರಕ್ಷತಾ ಅಧಿಕಾರಿಯ ತರಬೇತಿ ಮಾಡಿಕೊಂಡರೆ ಆಸ್ಪತ್ರೆಯಲ್ಲಿ ಮಾತಿಗೆ ತೂಕ ಬರುತ್ತದೆ. 2021ರಲ್ಲಿ ಬಂದ, ಆರೋಗ್ಯ ಕ್ಷೇತ್ರದ ಸಹಾಯಕ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ನಮ್ಮ ವೃತ್ತಿಯನ್ನು ಹೆಸರಿಸಿ ಪಟ್ಟಿಗೆ ಸೇರಿಸಿದೆ, ಹಾಗಾಗಿ ಮಾನ್ಯತೆ ಇಲ್ಲದ ಅಂಗಡಿ ಸರ್ಟಿಫಿಕೇಟುಗಳಿಗೆ ದುಡ್ಡು ಸುರಿಯಬೇಡಿ. ದುಬೈಗೆ, ಸೌದಿಗೆ ಹೋಗುವವರಿಗೆ ಅಲ್ಲಿನ ಲೈಸೆನ್ಸ್ ಪರೀಕ್ಷೆ ಮತ್ತು ದಾಖಲೆ ಪರಿಶೀಲನೆ, ಇಂಗ್ಲೆಂಡಿಗಾದರೆ ಅಲ್ಲಿನ ಆರೋಗ್ಯ ವೃತ್ತಿಗಳ ಮಂಡಳಿಯಾದ ಎಚ್‌ಸಿಪಿಸಿ ನೋಂದಣಿ. ನನ್ನ ಬ್ಯಾಚಿನ ಗೆಳೆಯನೊಬ್ಬ ಗಲ್ಫಿಗೆ ಹೋಗುವಾಗ ಪರೀಕ್ಷೆಗಿಂತ ಹೆಚ್ಚು ಸತಾಯಿಸಿದ್ದು ಹಳೆಯ ಸ್ಕ್ಯಾನ್ ಸೆಂಟರಿನ ಅನುಭವ ಪತ್ರ: ಸೇರಿದ ತಾರೀಖು, ಬಿಟ್ಟ ತಾರೀಖು, ಯಾವ ಮಷೀನು ಎಂಬುದಿಲ್ಲದೆ ಬರೀ 'ಒಳ್ಳೆಯ ಹುಡುಗ' ಎಂದು ಬರೆದುಕೊಟ್ಟಿದ್ದರು. ಕೆಲಸ ಬಿಡುವ ದಿನವೇ ಲೆಟರ್‌ಹೆಡ್ಡಿನಲ್ಲಿ ಈ ಮೂರನ್ನೂ ಬರೆಸಿ, ಸೀಲು ಹಾಕಿಸಿಕೊಂಡು ಬನ್ನಿ. ಟಿಎಲ್‌ಡಿ ಡೋಸಿನ ದಾಖಲೆಯ ಪ್ರತಿಯನ್ನೂ ಅದರ ಜೊತೆಗೇ ಕೇಳಿ ಇಸಿದುಕೊಳ್ಳಿ, ಮುಂದಿನ ಆಸ್ಪತ್ರೆಯಲ್ಲಿ ಲೆಕ್ಕ ಮುಂದುವರಿಯಬೇಕಾದದ್ದು ಅಲ್ಲಿಂದ.